ಹನ್ನೊಂದು ಸುತ್ತು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಹಂಪಕ್ಕ ಓಣಿಯ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತು ಗುಂಡಿಯ ಮೇಲಿನ ಚಪ್ಪಡಿ ಸರಿಸುತ್ತಾರೆ. ಮೊದಲು ಬ್ಯಾಟರಿ ಬಿಟ್ಟು ಒಳಗೆ ನೋಡುತ್ತಾರೆ. ಹೋದ ತಿಂಗಳು ಅಲ್ಲೊಂದು ಹಾವಿತ್ತಂತೆ. ಆಮೇಲೆ ಎದೆಯುದ್ದದ ಕಬ್ಬಿಣದ ಚಾವಿಯನ್ನು ವಾಲ್ವಿನ ತಲೆಗೆ ಕೂರಿಸಿ, ಎದ್ದು ನಿಂತು ತಿರುಗಿಸುತ್ತಾರೆ. ಒಂದು, ಎರಡು, ಮೂರು. ಮೂರಕ್ಕೆ ಕೈ ಒಂದು ಗಳಿಗೆ ನಿಲ್ಲುತ್ತದೆ. ಮತ್ತೆ ನಾಲ್ಕು, ಐದು ಎನ್ನುತ್ತಾ ಹನ್ನೊಂದಕ್ಕೆ ಮುಗಿಯುತ್ತದೆ. ನೆಲದಡಿಯಲ್ಲಿ ನೀರು ಗೊರಗುಟ್ಟುತ್ತಾ ಓಡುತ್ತದೆ.

“ಇದೊಂದು ವಾಲಿಗೆ ಮಾತ್ರ ಎಣಸ್ತೀನ್ರಿ,” ಎನ್ನುತ್ತಾರೆ. “ಉಳಿದ ಎಂಟಕ್ಕ ಕೈಗೇ ಗೊತ್ತೈತಿ.”

ಪಂಚಾಯಿತಿಯ ಹಾಜರಿ ಪುಸ್ತಕದಲ್ಲಿ ಇವರ ಹುದ್ದೆ ‘ವಾಟರ್‌ಮ್ಯಾನ್’. ಚರ್ಚಿನ ಪುಸ್ತಕದಲ್ಲಿ ಹೆಸರು ಎಸ್ತೇರಮ್ಮ. ಊರಿನ ಬಾಯಲ್ಲಿ ನೀರು ಬಿಡೋ ಹಂಪಕ್ಕ. ವಯಸ್ಸು ನಲವತ್ತಾರು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ, ತಂಬ್ರಹಳ್ಳಿ ದಾಟಿದ ಮೇಲೆ ಸಿಗುವ ಊರು ಇದು. ಊರ ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಒಂಬತ್ತು ಓಣಿ, ಒಂಬತ್ತು ವಾಲ್ವು, ಮುನ್ನೂರ ನಲವತ್ತು ಮನೆ, ಓಣಿಗೆ ಇಪ್ಪತ್ತು ನಿಮಿಷ ನೀರು. ತೆರೆಯಲು ಒಮ್ಮೆ, ಮುಚ್ಚಲು ಒಮ್ಮೆ ಎಂದು ಓಡಾಡಿ ಎಂಟು ಗಂಟೆಯ ಹೊತ್ತಿಗೆ ನಾಲ್ಕು ಕಿಲೋಮೀಟರ್ ನಡೆದಿರುತ್ತಾರೆ. ಭಾನುವಾರವೂ ರಜೆಯಿಲ್ಲ. ಆರಾಧನೆಗೆ ಒದ್ದೆ ಸೆರಗಿನಲ್ಲೇ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಾರೆ.

“ಎಲ್ಲಾರಿಗೂ ಬಾಜೂ ಓಣಿ ನೀರೇ ದಪ್ಪ ಕಾಣ್ತಾವ್ರಿ. ದಿನಾ ಒಬ್ರಾದ್ರೂ ನ್ಯಾಯಕ್ಕ ಬರ್ತಾರ.” ನ್ಯಾಯಕ್ಕೆ ಬರುವುದು ಎಂದರೆ ಈ ಸೀಮೆಯಲ್ಲಿ ಜಗಳಕ್ಕೆ ಬರುವುದು. ನಾನು ಬಂದಿದ್ದು ದೇವರ ನ್ಯಾಯದ ಬಗ್ಗೆ ಕೇಳೋಣವೆಂದು. ಕ್ರೈಸ್ತ ಹೆಣ್ಣುಮಗಳು, ನೊಂದ ಜೀವ, ಒಳ್ಳೆಯ ಉತ್ತರ ಸಿಗುತ್ತದೆ ಎಂದು ಬಸ್ಸಿನಲ್ಲೇ ಅರ್ಧ ಲೇಖನ ಬರೆದುಕೊಂಡಿದ್ದೆ. ಆ ಅರ್ಧ ಕೆಲಸಕ್ಕೆ ಬರಲಿಲ್ಲ.

ಈ ಚಾವಿ ಮೊದಲು ಹಂಪಕ್ಕನ ಗಂಡ ದಾವೀದಪ್ಪನ ಕೈಯಲ್ಲಿತ್ತು. ಹದಿನೇಳು ವರ್ಷ ಅವರೇ ಊರಿಗೆ ನೀರು ಬಿಟ್ಟವರು. ಎರಡು ವರ್ಷದ ಹಿಂದೆ, ಚಳಿಯ ಒಂದು ಬೆಳಗು, ಇದೇ ಮೊದಲನೇ ಓಣಿಯ ಗುಂಡಿಗೆ ಬಗ್ಗಿದ್ದಾಗ ಓಣಿಯ ಮೊದಲ ಮನೆಯ ಟ್ರ್ಯಾಕ್ಟರ್ ಹಿಮ್ಮುಖವಾಗಿ ಬಂದು ಅವರ ಮೇಲೆ ಹತ್ತಿತು; ಅವರು ಉಳಿಯಲಿಲ್ಲ. ಲೈಟ್ ಹಾಕಿರಲಿಲ್ಲ. ಆ ಮನೆಯವನನ್ನು ಇಲ್ಲಿ ಹುಲುಗೇಶ್ ಎನ್ನೋಣ. ಗಾಡಿ ನಿಲ್ಲಿಸಿದ್ದೆ, ತಾನಾಗಿ ಉರುಳಿತು, ನಾನು ಅದರ ಮೇಲಿರಲಿಲ್ಲ ಎನ್ನುವುದು ಅವನ ಮಾತು. ಚಾವಿಯ ಹಿಡಿ ಅವತ್ತು ಸೊಟ್ಟಗಾಯಿತು. ಹೊಸದು ಕೊಡುತ್ತೇವೆ ಎಂದು ಪಂಚಾಯಿತಿಯವರು ಎರಡು ಸಲ ಹೇಳಿದರೂ ಹಂಪಕ್ಕ ಬೇಡ ಎಂದಿದ್ದಾರೆ. ಗಂಡನ ಕೆಲಸ ಅವರಿಗೆ ಬಂತು. ಅಂದರೆ ಪ್ರತಿದಿನ ಮೊಟ್ಟಮೊದಲು ಅವರು ನೀರು ಬಿಡಬೇಕಾದ್ದು ಹುಲುಗೇಶನ ಮನೆಗೆ.

ಹೋದ ವರ್ಷ ಕೋರ್ಟಿನಲ್ಲಿ ನಾಲ್ಕು ಜನ ಸಾಕ್ಷಿ ಹೇಳಬೇಕಿತ್ತು. ಎಲ್ಲರೂ ಅದೇ ಓಣಿಯವರು. ಮೂವರು ನಾವೇನೂ ನೋಡಿಲ್ಲ ಎಂದರು. ನೋಡಿದೆ ಎಂದವಳು ಗಿಡ್ಡಮ್ಮ ಒಬ್ಬಳೇ. ಎಪ್ಪತ್ತು ದಾಟಿದ ಮುದುಕಿ; ಓಣಿಯ ಕೊನೆಯಲ್ಲಿ, ದಿಣ್ಣೆಯ ಮೇಲೆ ಮನೆ. “ಹುಲುಗೇಶನೇ ಗಾಡಿ ಮ್ಯಾಲೆ ಕುಂತಿದ್ದ, ನಾ ಮೆಟ್ಟಲ ಮ್ಯಾಲೆ ನಿಂತು ನಿಲ್ಲಸಲೇ ಅಂತ ಕೂಗೀನಿ” ಎಂದು ಕಟಕಟೆಯಲ್ಲಿ ನಿಂತು ಹೇಳಿ ಬಂದಳು.

ಮರುದಿನ ಬೆಳಿಗ್ಗೆ ಹಂಪಕ್ಕ ಈ ವಾಲ್ವನ್ನು ಮೂರು ಸುತ್ತು ತಿರುಗಿಸಿ ನಿಲ್ಲಿಸಿದರು. ಇದನ್ನು ನನಗೆ ಹೇಳುವಾಗ ಅವರು ಚಾವಿಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಲೇ ಇದ್ದಾರೆ.

“ನೋಡಿಲ್ಲ ಅಂದ್ರಲ್ಲ, ಒಣಗಲಿ ಓಣಿ ಅಂತ ಮಾಡಿದೆನ್ರಿ. ದಿನಾ ಮೂರ ಸುತ್ತು. ಯಾರೂ ನ್ಯಾಯಕ್ಕ ಬರಲಿಲ್ಲ. ತಪ್ಪು ಮಾಡ್ಯಾರ, ಅದಕ್ಕ ಬಾಯಿ ಬಿಡವಲ್ರು ಅನ್ಕೊಂಡೆ. ಒಳಗ ಖುಷಿನೂ ಆಗಿತ್ತು, ಸುಳ್ಳು ಯಾಕ ಹೇಳ್ಲಿ?”

ಹತ್ತನೆಯ ದಿನ ಶಾಲೆಯ ಹತ್ತಿರದ ಕೈಪಂಪಿನಿಂದ ಗಿಡ್ಡಮ್ಮ ಕೊಡ ಹೊತ್ತು, ಮೊಣಕಾಲು ಹಿಡಿದುಕೊಂಡು ಬರುವುದನ್ನು ಕಂಡರು. ಆಗ ಹೊಳೆಯಿತು. ನೀರು ಕಡಿಮೆ ಬಿಟ್ಟರೆ ತಗ್ಗಿನ ಮನೆಗಳು ಮೊದಲು ತುಂಬಿಕೊಳ್ಳುತ್ತವೆ. ಓಣಿಯಲ್ಲಿ ಎಲ್ಲಕ್ಕಿಂತ ತಗ್ಗಿನದು ಹುಲುಗೇಶನ ಮನೆ. ಅವನ ತೊಟ್ಟಿಗೆ ಒಂದು ಕೊಡವೂ ಕಡಿಮೆ ಬಿದ್ದಿರಲಿಲ್ಲ. ಪೂರಾ ಒಣಗಿದ್ದು ದಿಣ್ಣೆಯ ಮೇಲಿನ ಒಂದೇ ಮನೆ. ನಿಜ ಹೇಳಿದವಳ ಮನೆ.

“ಯವ್ವಾ, ಒಂಬತ್ತು ದಿನ ಯಾಕ ಹೇಳಲಿಲ್ಲ ಅಂದೆ. ‘ಪೈಪು ಒಡದೈತೇನೋ ಅನ್ಕೊಂಡ್ನೆವ್ವಾ, ಗಂಡನ್ನ ಕಳಕೊಂಡಾಕಿಗೆ ಮತ್ಯಾಕ ತ್ರಾಸು ಕೊಡಲಿ’ ಅಂದ್ಲು.” ಹಂಪಕ್ಕ ಮುಖ ಅತ್ತ ತಿರುಗಿಸುತ್ತಾರೆ. ಅವತ್ತು ಮುದುಕಿಯ ಕೊಡ ಕೆಳಗಿಳಿಸಿ, ಅಲ್ಲೇ ರಸ್ತೆಯಲ್ಲಿ ಕೂತು ಅವಳಿಗೆ ಎಲ್ಲ ಹೇಳಿಬಿಟ್ಟರಂತೆ. ಗಿಡ್ಡಮ್ಮ ಬಾಯಿ ತುಂಬ ಬೈದಳು. ಮರುದಿನದಿಂದ ವಾಲ್ವು ಮತ್ತೆ ಹನ್ನೊಂದು ಸುತ್ತಿಗೆ ಬಂತು, ಆದರೂ ಅವಳು ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ನಲ್ಲಿಯಲ್ಲಿ ನೀರು ಬಂದಾಗ ಮೆಟ್ಟಿಲ ಮೇಲಿಂದ “ಬಂದಾವು!” ಎಂದು ಕೂಗಿದಳು. ಅವತ್ತಿನಿಂದ ದಿನವೂ ಕೂಗುತ್ತಾಳೆ. ಆ ಕೂಗು ಕೇಳುವವರೆಗೂ ಹಂಪಕ್ಕ ಮೊದಲನೇ ಓಣಿ ಬಿಟ್ಟು ಕದಲುವುದಿಲ್ಲ.

ಹರಪನಹಳ್ಳಿಯಿಂದ ತಿಂಗಳಿಗೆ ಎರಡು ಭಾನುವಾರ ಬರುವ ಪಾಸ್ಟರ್ ಅರುಣಕುಮಾರ್ ಅವರಿಗೆ ಈ ಕತೆ ಗೊತ್ತು. ಒಮ್ಮೆ ಅವರು ಆರಾಧನೆಯ ಪ್ರಸಂಗದಲ್ಲಿ, ಒಳ್ಳೆಯವರ ಹೊಲಕ್ಕೂ ಕೆಟ್ಟವರ ಹೊಲಕ್ಕೂ ದೇವರು ಒಂದೇ ಮಳೆ ಸುರಿಸುತ್ತಾನೆ ಎಂದರಂತೆ. ಹಿಂದಿನ ಸಾಲಿನಿಂದ ಹಂಪಕ್ಕ ಎದ್ದು ನಿಂತರು. “ಮಳಿ ಆತ ಬಿಡ್ತಾನ್ರಿ ಪಾಸ್ಟರೇ, ನಲ್ಲಿ ನಾ ಬಿಡಬೇಕಲ್ಲ!” ಸಭೆಯಲ್ಲಿ ಯಾರೂ ನಗಲಿಲ್ಲ.

ಪಾಸ್ಟರ್ ಫೋನಿನಲ್ಲಿ ನನ್ನೊಡನೆ ಮಾತಾಡುತ್ತಾ ಅದನ್ನು ಒಪ್ಪಿಕೊಳ್ಳುತ್ತಾರೆ. “ಆ ಭಾನುವಾರ ಪ್ರಸಂಗ ಅಲ್ಲಿಗೇ ಮುಗಿಸಿದೆ ಸಾರ್. ಆಮೇಲೆ ಅವರ ಮನಿಗೆ ಹೋಗಿ ಹೇಳಿದೆ. ಕ್ಷಮಿಸು ಅಂದ್ರೆ ಕೋರ್ಟು ಬಿಡು ಅಂತ ಅಲ್ಲಕ್ಕಾ. ಆಗಿದ್ದನ್ನ ಆಗಿದೆ ಅಂತ ಕೊನೀ ತನಕ ಹೇಳು. ದೇವರು ಅದನ್ನ ಮರೆತಿಲ್ಲ. ಆದರೆ ಶಿಕ್ಷೆ ಕೊಡೋ ಚಾವಿ ನಿನ್ನ ಕೈಯಾಗ ಇಲ್ಲ ಅಂತ.” “ನಾನು ಹೇಳೋದು ಸುಲಭ,” ಎಂದು ಸೇರಿಸುತ್ತಾರೆ.

ನಾನು ಮೊದಲು ಹೋದದ್ದು ಬುಧವಾರ. ತೀರ್ಪು ಶುಕ್ರವಾರ ಇತ್ತು. ಶುಕ್ರವಾರ ಮಧ್ಯಾಹ್ನ ಹುಲುಗೇಶ್ ಬಿಡುಗಡೆಯಾದ. ಗಿಡ್ಡಮ್ಮನ ಕಣ್ಣಲ್ಲಿ ಪೊರೆ ಇತ್ತು, ಹೊತ್ತು ಹುಟ್ಟಿರಲಿಲ್ಲ, ಆದ್ದರಿಂದ ಸಂಶಯದ ಲಾಭ ಆರೋಪಿಗೆ ಎಂದಿತು ಕೋರ್ಟು. ಸಂಜೆ ಮೊದಲನೇ ಓಣಿಯಲ್ಲಿ ಪಟಾಕಿ ಸರ ಹೊಡೆದರಂತೆ. ಸುದ್ದಿ ಕೇಳಿ ನನಗೆ ಕೂರಲಾಗಲಿಲ್ಲ. ಶನಿವಾರ ಬೆಳಿಗ್ಗೆ ಮತ್ತೆ ಅದೇ ಗುಂಡಿಯ ಹತ್ತಿರ ನಿಂತಿದ್ದೇನೆ.

ಹಂಪಕ್ಕ ಹತ್ತು ನಿಮಿಷ ತಡವಾಗಿ ಬರುತ್ತಾರೆ. ಕೆಲಸಕ್ಕೆ ಬಂದಾಗಿನಿಂದ ಇದೇ ಮೊದಲು. ಕಣ್ಣು ಕೆಂಪಗಿವೆ. “ಸಂಶಯದ ಲಾಭ ಅಂತ್ರಿ. ಲಾಭ ಆತಲ್ಲ ಅವನಿಗೆ,” ಎನ್ನುತ್ತಾ ಚಪ್ಪಡಿಯನ್ನು ಕಾಲಿನಿಂದಲೇ ತಳ್ಳುತ್ತಾರೆ. ಓಣಿಯ ಮೊದಲ ನಲ್ಲಿಯ ಹತ್ತಿರ ಹುಲುಗೇಶನ ಹೆಂಡತಿ ಮಾಲಾ ಕೊಡ ಹಿಡಿದು, ತಲೆ ತಗ್ಗಿಸಿ ನಿಂತಿದ್ದಾಳೆ. ಹುಲುಗೇಶ್ ಒಳಗಿದ್ದಾನೆ. ಎರಡು ವರ್ಷದಿಂದ ಒಂದು ದಿನವೂ ಅವನು ನೀರಿಗೆ ಬಂದಿಲ್ಲ.

ಒಂದು, ಎರಡು, ಮೂರು.

ಕೈ ನಿಲ್ಲುತ್ತದೆ. ಈ ಸಲ ಬೇಗ ಮುಂದೆ ಹೋಗುವುದಿಲ್ಲ. ಹಂಪಕ್ಕ ಚಾವಿ ಬಿಟ್ಟು ನಾಲ್ಕು ಹೆಜ್ಜೆ ಅತ್ತ ಹೋಗುತ್ತಾರೆ, ಇತ್ತ ಬರುತ್ತಾರೆ. ಮಾಲಾಳ ಕೊಡಕ್ಕೆ ನೀರು ಬೀಳುವ ಸದ್ದು ಆಗಲೇ ಕೇಳಿಸುತ್ತಿದೆ. ದಿಣ್ಣೆಯ ಮೇಲೆ ಗಿಡ್ಡಮ್ಮನ ಮನೆಯ ಬಲ್ಬು ಉರಿಯುತ್ತಿದೆ, ಕೂಗಿಲ್ಲ. ನನ್ನ ಮನಸ್ಸು ಸಾಕು ಹಂಪಕ್ಕ, ಮೂರಕ್ಕೇ ನಿಲ್ಲಿಸಿ ಎನ್ನುತ್ತದೆ. ಅದನ್ನು ಇಲ್ಲಿ ಒಪ್ಪಿಕೊಳ್ಳುವುದೇ ಒಳ್ಳೆಯದು. ಅವರು ವಾಪಸು ಬಂದು ಸೊಟ್ಟ ಹಿಡಿಗೆ ಕೈ ಹಾಕುತ್ತಾರೆ. ನಾಲ್ಕು, ಐದು, ಆರು. ಜೋರಾಗಿಯೇ ಎಣಿಸುತ್ತಾರೆ. ಹನ್ನೊಂದು.

ಕಾಯುತ್ತೇವೆ. ದಿಣ್ಣೆಯಿಂದ ಕೂಗು ಬರುತ್ತದೆ: “ಬಂದಾವು ಹಂಪೀ, ಬಂದಾವು!”

“ಮ್ಯಾಲಿನ ಮನಿಗೆ ನೀರು ಮುಟ್ಟಬೇಕಂದ್ರ ತಗ್ಗಿನ ಮನಿ ದಾಟೇ ಹೋಗಬೇಕ್ರಿ. ಬ್ಯಾರೆ ಪೈಪಿಲ್ಲ,” ಎನ್ನುತ್ತಾರೆ ಹಂಪಕ್ಕ, ಸೆರಗಿನಿಂದ ಮುಖ ಒರೆಸಿಕೊಂಡು.

ಬುಧವಾರದಿಂದ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಆಗ ಕೇಳುತ್ತೇನೆ. ದೇವರ ನ್ಯಾಯ ಅಂದರೆ ಇದೇನಾ?

“ದೇವರ ನ್ಯಾಯ ನನಗೇನ್ ತಿಳೀತೈತ್ರಿ. ದೇವರ ಕೂಡ ನ್ಯಾಯ ಅಂತೂ ದಿನಾ ಮಾಡ್ತೀನಿ. ರಾತ್ರೆಲ್ಲಾ ಅದಾ ಆತು.” ಚಾವಿಯನ್ನು ಹೆಗಲಿಗೇರಿಸಿಕೊಳ್ಳುತ್ತಾರೆ. “ಒಂದಿನ ಅವನೇ ಕೊಡ ಹಿಡಕಂಡು ಬರಬೇಕ್ರಿ. ಗಾಡಿ ಮ್ಯಾಲೆ ನಾನೇ ಇದ್ದೆ ಅಂತ ಒಂದು ಮಾತು, ನನ್ನ ಮುಖ ನೋಡಿ. ಅದೊಂದು ಆಸಿ ಐತಿ.”

ಬರದಿದ್ದರೆ?

ಎರಡನೇ ಓಣಿಯಲ್ಲಿ ಹೆಂಗಸರು ಆಗಲೇ ಖಾಲಿ ಕೊಡ ಬಡಿಯುತ್ತಿದ್ದಾರೆ. ಹಂಪಕ್ಕ ಅತ್ತ ಹೆಜ್ಜೆ ಹಾಕುತ್ತಲೇ ಉತ್ತರಿಸುತ್ತಾರೆ.

“ಸೋಮವಾರ ವಕೀಲರ ಹತ್ರ ಹೊಂಟೀನಿ. ಮ್ಯಾಲಿನ ಕೋರ್ಟಿಗೆ ಹಾಕ್ತೀನಿ. ಮುಂಜಾನಿ ನೀರು ಬಿಟ್ಟು ಹೋಗ್ತೀನಿ.”