ಗೋಬಿ ಮರಳಲ್ಲಿ ‘ನೀವು ಮೊದಲು’

ಟೋಕಿಯೋದ ನಿಶಿ ಕಸಾಯ್‌ನಲ್ಲಿರುವ ಅಹಲ್ಯಾ ಲೈಟ್ ಕಂಬಕ್ಕೆ ಡಿಕ್ಕಿ ಹೊಡೆದರೆ ಕಂಬಕ್ಕೇ ‘ಸುಮಿಮಾಸೆನ್’ ಅಂತ ಕ್ಷಮೆ ಕೇಳುವ ಹೆಂಗಸು. ಮೈಸೂರಿನಲ್ಲಿದ್ದಾಗ ಹೀಗಿರಲಿಲ್ಲ. ಅಲ್ಲಿ ತಳ್ಳುಗಾಡಿಯವನು ಕೊತ್ತಂಬರಿ ಕಟ್ಟು ಸಣ್ಣದು ಮಾಡಿದರೆ ಬೀದಿಯ ಆ ತುದಿಗೆ ಕೇಳುವ ಹಾಗೆ ಜಗಳಕ್ಕೆ ನಿಲ್ಲುತ್ತಿದ್ದಳು. ಗಂಡ ಸುಪ್ರೀತನನ್ನು ಕಂಪನಿ ಜಪಾನಿಗೆ ಕಳಿಸಿತು, ಮಗಳು ಕೃತಿ ಇಲ್ಲೇ ಹುಟ್ಟಿ ಇಲ್ಲೇ ಸ್ಕೂಲಿಗೆ ಸೇರಿದಳು, ಅಷ್ಟರಲ್ಲಿ ಅಹಲ್ಯಾ ಜಪಾನಿನವರಿಗಿಂತ ಒಂದು ಕೈ ಹೆಚ್ಚೇ ಜಪಾನಿನವಳಾಗಿಬಿಟ್ಟಿದ್ದಳು. ಲಿಫ್ಟಿನ ಬಾಗಿಲು ಹಿಡಿದು ‘ದೋಜೋ ದೋಜೋ’, ಅಂದರೆ ನೀವು ಮೊದಲು ನೀವು ಮೊದಲು, ಅಂತ ನಿಂತಳೆಂದರೆ ಅವಳನ್ನು ಸೋಲಿಸುವವರು ಆ ಕಟ್ಟಡದಲ್ಲಿ ಒಬ್ಬರೇ. ಕಟ್ಟಡದ ಮೇಲ್ವಿಚಾರಕ ಮೊರಿವಾಕಿ-ಸಾನ್.

ಮೊರಿವಾಕಿ-ಸಾನ್ ಎಂದರೆ ಅವಳಿಗೆ ಭಯ. ಕಸ ತಪ್ಪಾಗಿ ವಿಂಗಡಿಸಿದರೆ ಅವರು ಬೈಯುವುದಿಲ್ಲ, ಚೀಲವನ್ನು ಮನೆ ಬಾಗಿಲಿಗೆ ತಂದು, ‘ನಾನು ಸರಿಯಾಗಿ ವಿವರಿಸಿರಲಿಲ್ಲ’ ಅಂತ ತಾವೇ ಕ್ಷಮೆ ಕೇಳುತ್ತಾರೆ. ಅದಕ್ಕಿಂತ ಎರಡು ಏಟು ಹಾಕಿದ್ದರೆ ವಾಸಿ. ಒಮ್ಮೆ ಅಹಲ್ಯಾ ತೆಂಗಿನ ಚಿಪ್ಪು ಎಸೆದಿದ್ದಳು. ಅದು ಸುಡುವ ಕಸವೋ, ಸುಡದ ಕಸವೋ? ಮೊರಿವಾಕಿ-ಸಾನ್ ಕಸದ ಕೈಪಿಡಿ ಪೂರ್ತಿ ಓದಿದರೂ ಗೊತ್ತಾಗಲಿಲ್ಲ. ಪುರಸಭೆಯವರಿಗೂ ಗೊತ್ತಾಗಲಿಲ್ಲ. ತೀರ್ಮಾನವಾಗುವವರೆಗೆ ಇರಲಿ ಅಂತ ತಮ್ಮ ಆಫೀಸಿನ ಮೇಜಿನ ಮೇಲೆ ಇಟ್ಟುಕೊಂಡರು. ಈಗ ಅದರೊಳಗೆ ಪೇಪರ್ ಕ್ಲಿಪ್ಪುಗಳಿವೆ.

ಇಂಥ ಅಹಲ್ಯಾಗೆ ಒಬ್ಬ ತಮ್ಮ, ಮಧುಕರ. ಮೈಸೂರಿನಲ್ಲಿ ಹಲ್ಲಿನ ಡಾಕ್ಟರು. ವಾರವೆಲ್ಲ ಹಲ್ಲು ಕೀಳುವುದು, ಭಾನುವಾರ ಬೈಕಿನ ಕಿವಿ ಹಿಂಡುವುದು. ಈ ಹುಚ್ಚು ಬೆಳೆದು ಬೆಳೆದು ಅವನನ್ನು ಮಂಗೋಲಿಯಾಗೆ ಕರೆದುಕೊಂಡು ಹೋಯಿತು. ಗೋಬಿ ಮರುಭೂಮಿಯ ಉದ್ದಕ್ಕೂ ನಡೆಯುವ ಬೈಕ್ ರ‍್ಯಾಲಿ ಅದು. ‘ಗೋಬಿ ಅಂದ್ರೆ ನಂಗೆ ಮಂಚೂರಿ ಒಂದೇ ಗೊತ್ತಿರೋದು’ ಅಂತ ಸುಪ್ರೀತ ತಮಾಷೆ ಮಾಡಿ, ಆ ದಿನ ಬರೀ ಮೊಸರನ್ನ ತಿಂದಿದ್ದ.

ಇಂಥ ರ‍್ಯಾಲಿಯಲ್ಲಿ ಗೆಲ್ಲುವವರ ಕತೆಯೇ ಬೇರೆ ಬಿಡಿ, ಅವರು ಗಾಳಿ. ಮಿಕ್ಕವರಿಗೆಲ್ಲ ಮುಗಿಸುವುದೇ ಗೆಲುವು. ದಿನವೂ ಸಂಜೆ ಅಂದಿನ ಗುರಿಯ ಗೇಟು ಮುಚ್ಚುವ ಮೊದಲು ತಲುಪಬೇಕು, ಇಲ್ಲದಿದ್ದರೆ ಔಟ್. ಹೋದ ವರ್ಷ ಮಧು ಕೊನೆಯ ದಿನ, ಗೇಟಿನ ಕಮಾನು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ, ಗೇರ್‌ಬಾಕ್ಸ್ ಒಡೆದು ಮರಳಲ್ಲಿ ಕೂತು ಅತ್ತಿದ್ದ. ‘ಈ ಸಲ ಮುಗಿಸದೆ ಹೋದ್ರೆ ಬೈಕ್ ಮಾರ್ಬಿಡ್ತೀನಿ ಅಕ್ಕ’ ಅಂದಿದ್ದ. ಅವನು ಮಾರುವವನೇ ಎಂದು ಅಹಲ್ಯಾಗೆ ಗೊತ್ತಿತ್ತು. ಆಮೇಲೆ ಅವನು ಬರೀ ಹಲ್ಲಿನ ಡಾಕ್ಟರಾಗಿ ಉಳಿಯುತ್ತಾನಲ್ಲ, ಅದನ್ನು ಅವಳಿಗೆ ಯೋಚಿಸುವುದಕ್ಕೂ ಆಗುತ್ತಿರಲಿಲ್ಲ.

ಸವಾರರ ಮೊಬೈಲನ್ನು ಮುದ್ರೆ ಹಾಕಿ ಇಟ್ಟಿರುತ್ತಾರೆ. ಹೊರಗಿನವರು ದಾರಿ ಹೇಳಿದರೆ ಮೋಸ. ಆದರೆ ಪ್ರತಿ ಬೈಕಿನಲ್ಲೂ ಒಂದು ಯಂತ್ರವಿದೆ, ಅದು ಸವಾರ ಎಲ್ಲಿದ್ದಾನೆಂದು ನಕ್ಷೆಯ ಮೇಲೆ ಬಣ್ಣದ ಚುಕ್ಕಿಯಾಗಿ ತೋರಿಸುತ್ತದೆ. ಮನೆಯವರು ನೋಡಬಹುದು, ಅಷ್ಟೇ. ಅಹಲ್ಯಾ ಆ ಹಳದಿ ಚುಕ್ಕಿಯನ್ನು ನೋಡುತ್ತಾ ಸಾರಿಗೆ ಉಪ್ಪು ಹಾಕುತ್ತಿದ್ದಳು, ನೋಡುತ್ತಾ ಮತ್ತೊಮ್ಮೆ ಹಾಕುತ್ತಿದ್ದಳು.

ಒಂದು ಬೆಳಗ್ಗೆ ಕಸ ಇಡಲು ಕೆಳಗೆ ಹೋದಾಗ ಮೊರಿವಾಕಿ-ಸಾನ್ ಕೈಯಲ್ಲೂ ಅದೇ ನಕ್ಷೆ! ಅವರ ಮಗಳು ಚಿಹಿರೋ ಅದೇ ರ‍್ಯಾಲಿಯಲ್ಲಿದ್ದಾಳೆ, ಕೆಂಪು ಚುಕ್ಕಿ. ಅಂದಿನಿಂದ ಕಸದ ತೊಟ್ಟಿಯ ಪಕ್ಕ ದಿನವೂ ಒಂದು ಸಭೆ. ಇಬ್ಬರಿಗೂ ಒಂದೇ ನಿಯಮ, ತಮ್ಮವರನ್ನು ತೆಗಳಬೇಕು, ಎದುರಿನವರ ಮನೆಯವರನ್ನು ಹೊಗಳಬೇಕು.

“ನಿಮ್ಮ ತಮ್ಮ ಅದ್ಭುತ. ನಮ್ಮ ಹುಡುಗಿ ಬಸವನಹುಳು,” ಎಂದು ಮೊರಿವಾಕಿ-ಸಾನ್ ಜಪಾನಿಯಲ್ಲಿ ಹೇಳಿ ಬಾಗುವರು.

“ಅಯ್ಯೋ, ನಮ್ಮವನು ಶುದ್ಧ ದಡ್ಡ. ನಿಮ್ಮ ಮಗಳನ್ನು ನೋಡಿ ಕಲಿಯಲಿ,” ಎಂದು ಅಹಲ್ಯಾ ಅವರಿಗಿಂತ ಒಂದು ಗೇಣು ಕೆಳಗೆ ಬಾಗುವಳು.

ಹೀಗೆ ಬಂತು ಕೊನೆಯ ದಿನ, ಶನಿವಾರ. ಅಹಲ್ಯಾ ಸಂಭ್ರಮಕ್ಕೆ ಅಂತ ಕೊಬ್ಬರಿ ಮಿಠಾಯಿ ಮಾಡಿಟ್ಟು ಸೋಫಾದ ಮೇಲೆ ಕಾಲು ಮಡಿಸಿ ಕೂತಿದ್ದಳು. ಇಳಿಹೊತ್ತಿಗೆ ಹಳದಿ ಚುಕ್ಕಿ ನಿಂತಿತು. ಅದರ ಮೈಮೇಲೇ ಬಂದು ಕೆಂಪು ಚುಕ್ಕಿಯೂ ನಿಂತಿತು. ಎರಡೂ ಅಲ್ಲಾಡಲಿಲ್ಲ.

“ರೀ! ಮಧು ಮೊರಿವಾಕಿ-ಸಾನ್ ಮಗಳಿಗೆ ಗುದ್‌ಬಿಟ್ಟ!”

“ನಿಂಗೆ ಹೇಗ್ ಗೊತ್ತು? ಅವ್ಳೇ ಗುದ್ದಿರಬಹುದಲ್ವಾ?”

“ಜಪಾನೀಸ್ ಹುಡುಗಿ ಗುದ್ತಾಳೇನ್ರೀ? ನಮ್ಮವನ ಹಿಸ್ಟರಿ ಗೊತ್ತಿಲ್ವಾ ನಿಮ್ಗೆ?”

ಹಿಸ್ಟರಿ ಸುಪ್ರೀತನಿಗೆ ಗೊತ್ತಿತ್ತು. ಅದು ನಡೆದದ್ದು ಅವನದೇ ಮದುವೆಯಲ್ಲಿ. ಮಧು ಹೊಸದಾಗಿ ಲೂನಾ ಕಲಿತು ಛತ್ರದ ಹಿಂಬಾಗಿಲಿಂದ ನೇರ ಅಡುಗೆಮನೆಗೆ ನುಗ್ಗಿ, ಸಾರಿನ ಕೊಳಗಕ್ಕೆ ಗುದ್ದಿದ್ದ. ಬೀಗರಿಗೆಲ್ಲ ಆ ದಿನ ಬರೀ ಹುಳಿ.

“ಎರಡೂ ಡಾಟ್ ನಿಂತಿದೆ ಅಷ್ಟೇ. ಸ್ವಲ್ಪ ವೇಯ್ಟ್ ಮಾಡೇ,” ಅಂದ ಸುಪ್ರೀತ.

ಆದರೆ ಜಪಾನಿನಲ್ಲಿ ತಪ್ಪಾದರೆ ಕಾಯಬಾರದು, ಸಿಹಿ ಡಬ್ಬಿ ಹಿಡಿದು ಹೋಗಿ ತಲೆ ಬಾಗಿಸಬೇಕು. ಅಂಗಡಿಗೆ ಓಡಲು ಸಮಯವಿಲ್ಲ. ಅಹಲ್ಯಾ ಕೊಬ್ಬರಿ ಮಿಠಾಯಿಯನ್ನೇ ಒಂದು ಒಳ್ಳೆಯ ಡಬ್ಬಿಗೆ ಜೋಡಿಸಿ, ರೇಷ್ಮೆ ಬ್ಲೌಸ್ ಪೀಸಿನಲ್ಲಿ ಗಂಟು ಕಟ್ಟಿ ಹೊರಟಳು. ಲಿಫ್ಟಿನಲ್ಲಿ ಯಾರಾದರೂ ಸಿಕ್ಕಿದರೆ ದೋಜೋ ದೋಜೋ ಮಾಡುತ್ತಾ ತಡವಾಗುತ್ತದೆಂದು ಮೆಟ್ಟಿಲು ಹಿಡಿದಳು.

ಕೆಳಗೆ ಆಫೀಸಿಗೆ ಬೀಗ. ಆಸ್ಪತ್ರೆಯಿಂದ ಫೋನ್ ಬಂದು ಏರ್‌ಪೋರ್ಟಿಗೆ ಹೋಗಿಬಿಟ್ಟರೇ? ಅಷ್ಟರಲ್ಲಿ ಸುಪ್ರೀತನ ಫೋನು.

“ಅಹಲ್ಯಾ, ಎಲ್ಲಿದೀಯ? ಮೊರಿವಾಕಿ-ಸಾನ್ ನಮ್ಮನೆ ಬಾಗಿಲಲ್ಲಿ ಬಗ್ಗಿ ನಿಂತವ್ರು ಮೇಲಕ್ಕೇ ಏಳ್ತಿಲ್ಲ. ನಂಗೆ ಬರೀ ಬೋಳುತಲೆ ಕಾಣ್ತಿದೆ. ಕೈಯಲ್ಲಿ ಯಾವ್ದೋ ಬಿಸ್ಕೆಟ್ ಡಬ್ಬ. ಅವ್ರ ಮಗ್ಳು ಮಧುಗೆ ಗುದ್ದಿದಾಳಂತೆ, ಸಾರಿ ಕೇಳ್ತಿದಾರೆ!”

“ಅವ್ರ್ಯಾಕೆ ಕೇಳ್ಬೇಕು? ನಾನು ಕೇಳಕ್ಕೆ ಬಂದಿರೋದು! ಹಿಡ್ಕೊಂಡಿರಿ ಅವ್ರನ್ನ, ಬಂದೆ!”

ಅವಳು ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಅವರು ಲಿಫ್ಟಿನಲ್ಲಿ ಇಳಿದಿದ್ದರು. ಅವಳು ಲಿಫ್ಟಿನಲ್ಲಿ ಇಳಿದಾಗ ಅವರು ಮತ್ತೆ ಹತ್ತಲು ಬಾಗಿಲ ಮುಂದೆ ನಿಂತಿದ್ದರು. ಬಾಗಿಲು ತೆರೆಯಿತು. ಡಬ್ಬಿ ಹಿಡಿದು ಇಬ್ಬರೂ ಏಕಕಾಲಕ್ಕೆ ಬಾಗಿದರು. ‘ತಪ್ಪು ನಮ್ಮದು’, ‘ಇಲ್ಲ, ನಮ್ಮದು.’ ಅವಳು ಹೊರಗೆ ಬರಲಿ ಎಂದು ಅವರು ದೋಜೋ, ಅವರು ಒಳಗೆ ಬರಲಿ ಎಂದು ಅವಳು ದೋಜೋ. ಲಿಫ್ಟು ಬೇಸತ್ತು ಬಾಗಿಲು ಮುಚ್ಚಿಕೊಂಡು ಅವಳನ್ನು ಮೇಲಕ್ಕೆ ಹೊತ್ತುಕೊಂಡು ಹೋಯಿತು.

ಮೇಲೆ ಕಾಯುತ್ತಿದ್ದ ಕೃತಿ ಮೊಬೈಲ್ ಹಿಡಿದು ಲಿಫ್ಟಿಗೆ ಹಾರಿದಳು. “ಅಮ್ಮಾ, they're moving! ಎರಡೂ!”

ನಿಜ. ಹಳದಿ, ಕೆಂಪು ಎರಡೂ ಜೋಡೆತ್ತಿನ ಹಾಗೆ ಓಡುತ್ತಿದ್ದವು. ಆದರೆ ಗೇಟು ಮುಚ್ಚುವ ಹೊತ್ತು ಹತ್ತಿರವಾಗಿತ್ತು. ಎಲ್ಲರೂ ಮೊರಿವಾಕಿ-ಸಾನ್ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಮುಗಿಬಿದ್ದರು. ಮೇಜಿನ ಮೇಲೆ ತೆಂಗಿನ ಚಿಪ್ಪು, ಪಕ್ಕದಲ್ಲಿ ಎರಡು ಕ್ಷಮೆಯ ಡಬ್ಬಿ. ಅಹಲ್ಯಾ ಚಿಪ್ಪಿನಿಂದ ಒಂದೊಂದೇ ಕ್ಲಿಪ್ ತೆಗೆದು ನೆಟ್ಟಗೆ ಮಾಡಿ ಹಾಳುಮಾಡುತ್ತಿದ್ದಳು. ಮೊರಿವಾಕಿ-ಸಾನ್ ಕೂಡ ಅದನ್ನೇ ಮಾಡುತ್ತಿದ್ದರು.

ಚುಕ್ಕಿಗಳು ಗುಡ್ಡ ಇಳಿದವು, ಒಣಗಿದ ನದಿ ದಾಟಿದವು, ಗೇಟಿನ ಗುರುತಿನ ಹತ್ತಿರ ಬಂದವು. ಇನ್ನೇನು ಒಂದು ಉಗುರಿನಷ್ಟು ದೂರ.

ನಿಂತವು.

“ಮತ್ತೆ ಗೇರ್‌ಬಾಕ್ಸಾ?” ಅಹಲ್ಯಾ ಪರದೆಯ ಹತ್ತಿರಕ್ಕೆ ಬಗ್ಗಿದಳು. “ಹೋದ್ ವರ್ಷ ನಿಂತಿದ್ದೂ ಇಲ್ಲೇ ಕಣ್ರೀ.”

“ಇಬ್ರದ್ದೂ ಒಟ್ಟಿಗೇ ಹೇಗ್ ಕೆಡುತ್ತೆ? ಪೆಟ್ರೋಲ್ ಖಾಲಿ ಆಗಿರ್ಬೇಕು,” ಅಂದ ಸುಪ್ರೀತ.

ಅಹಲ್ಯಾ ಎರಡು ಚುಕ್ಕಿಗಳನ್ನೇ ದಿಟ್ಟಿಸಿದಳು. ಪಕ್ಕಪಕ್ಕ, ಬಾಗಿಲ ಮುಂದೆ. ಇದನ್ನು ಈಗ ತಾನೇ ಎಲ್ಲೋ ನೋಡಿದೆನಲ್ಲ! ಹೋದ ವಸಂತದಲ್ಲಿ ಮಧು ಟೋಕಿಯೋಗೆ ಬಂದಿದ್ದಾಗ ಅವನನ್ನು ಇದೇ ಕಟ್ಟಡದ ಲಿಫ್ಟಿನ ಮುಂದೆ ನಿಲ್ಲಿಸಿ ಪಾಠ ಮಾಡಿದ್ದಳು. ‘ಜಪಾನೀಸ್ ಜನದ ಮುಂದೆ ದನದ ಥರ ನುಗ್ಬೇಡ ಕಣೋ. ಅವ್ರು ಹೋಗೋವರ್ಗೂ ನೀನು ಕಾಲೆತ್ತಕೂಡ್ದು. ನನ್ ಮರ್ಯಾದೆ ಪ್ರಶ್ನೆ.’

ಅವಳ ಕೈಯಿಂದ ಕ್ಲಿಪ್ ಬಿತ್ತು.

“ಅಯ್ಯೋ ದೇವ್ರೇ... ರೀ, ಅವ್ರು ದೋಜೋ ದೋಜೋ ಆಡ್ತಿದಾರೆ!”

ಮೊರಿವಾಕಿ-ಸಾನ್ ಮುಖ ಬಿಳುಚಿತು. ಅವರ ಮನೆಯ ಪಾಠವೇನು ಎಂಬುದು ಅವರಿಗೂ ಗೊತ್ತಿತ್ತು. ಗೋಡೆ ಗಡಿಯಾರದ ಮುಳ್ಳು ಗೇಟು ಮುಚ್ಚುವ ಹೊತ್ತಿಗೆ ಅಂಟಿಕೊಳ್ಳುವಂತಿತ್ತು.

“ಹೋಗೋ ಮುಂಡೇದೇ! ನುಗ್ಗೋ! ದನದ ಥರಾನೇ ನುಗ್ಗೋ!” ಮೈಸೂರಿನ ಕೊತ್ತಂಬರಿ ಜಗಳದ ಗಂಟಲು ಇಷ್ಟು ವರ್ಷದ ಮೇಲೆ ನಿಶಿ ಕಸಾಯ್‌ನಲ್ಲಿ ತೆರೆಯಿತು.

“ಇಕೇ! ಇಕೇ! ಹೋಗು!” ಎಂದೂ ದನಿ ಏರಿಸದ ಮೊರಿವಾಕಿ-ಸಾನ್ ಕುರ್ಚಿಯ ಮೇಲೆ ಹತ್ತಿ ನಿಂತು ಕಿರುಚಿದರು. ಹೊರಗೆ ಸೈಕಲ್ ನಿಲ್ಲಿಸುತ್ತಿದ್ದ ಅಜ್ಜಿ ಸೈಕಲ್ ಸಮೇತ ಹಿಂದಕ್ಕೆ ಹೋಯಿತು.

ಎರಡು ಚುಕ್ಕಿಗಳೂ ಒಟ್ಟಿಗೆ ಗೇಟಿನೊಳಗೆ ಹಾರಿದವು. ತುಸು ಹೊತ್ತಿಗೆ ಎರಡರ ಮುಂದೆಯೂ ‘ಮುಗಿಸಿದ್ದಾರೆ’ ಎಂಬ ಹಸಿರು ಗುರುತು ಬಂತು. ಅಹಲ್ಯಾ ಅಲ್ಲೇ ನೆಲದ ಮೇಲೆ ಕೂತು, ಬ್ಲೌಸ್ ಪೀಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮೊರಿವಾಕಿ-ಸಾನ್ ಕುರ್ಚಿಯಿಂದಿಳಿದು, ಕುರ್ಚಿಯನ್ನು ಒರೆಸಿ, ಕೂಗಿದ್ದಕ್ಕಾಗಿ ಎಲ್ಲರಲ್ಲೂ ಕ್ಷಮೆ ಕೇಳಿದರು.

“ಅಮ್ಮಾ,” ಕೃತಿ ಮಿಠಾಯಿ ಅಗಿಯುತ್ತಾ ಕೇಳಿದಳು, “ಮುಂಡೇದೇ ಅಂದ್ರೆ what?”

“ಗಂಬತ್ತೆ ಅಂತ,” ಅಂದ ಸುಪ್ರೀತ. ಹುರಿದುಂಬಿಸುವಾಗ ಜಪಾನಿನವರು ಕೂಗುವ ಮಾತದು.

ಮೊಬೈಲ್ ಕೈಗೆ ಸಿಕ್ಕಿದ ಕೂಡಲೇ ಮಧು ಫೋನ್ ಮಾಡಿದ. ಯಾರೂ ಯಾರಿಗೂ ಗುದ್ದಿರಲಿಲ್ಲ. ಅವನ ಬೈಕು ಮೆತ್ತನೆ ಮರಳಲ್ಲಿ ಹೂತಿತ್ತು, ಚಿಹಿರೋ ನಿಂತು ಎಳೆದಳು, ಎಳೆಯುವಾಗ ಅವಳದು ಹೂತಿತು, ಇವನು ಅದನ್ನು ಎಳೆದ.

“ಅದ್ ಬಿಡು. ಗೇಟ್ ಹತ್ರ ಯಾಕೋ ನಿಂತೆ?”

“ಅವ್ಳು ಹೆಲ್ಪ್ ಮಾಡಿದಾಳಲ್ಲಕ್ಕ, ಫಸ್ಟ್ ಹೋಗು ಅಂದೆ. ಅವ್ಳು ನೀನ್ ಹೋಗು ಅಂದ್ಳು. ನಾನು ಬಗ್ಗಿದೆ, ಅವ್ಳೂ ಬಗ್ಗಿದ್ಳು. ಕೊನೆಗೆ ಗೇಟ್ ಕಾಯ್ತಿದ್ದ ಮಂಗೋಲಿಯಾ ಮಾರ್ಷಲ್ ಬಾವುಟದ ಕೋಲಲ್ಲಿ ಇಬ್ರ ಬೆನ್ಗೂ ಬಿಟ್ಟ ನೋಡು... ನೀನೇ ಹೇಳ್ಕೊಟ್ಟಿದ್ದಲ್ವಾ?”

“ಲಿಫ್ಟಿಗೆ ಹೇಳ್ಕೊಟ್ಟಿದ್ದು ಕಣೋ! ಫಿನಿಶ್ ಲೈನ್‌ಗಲ್ಲ!”

ಮನೆಗೆ ಹೊರಟಾಗ ಮೊರಿವಾಕಿ-ಸಾನ್ ಆಫೀಸಿನ ಬಾಗಿಲು ಹಿಡಿದು ನಿಂತರು. “ದೋಜೋ.”

ಅಹಲ್ಯಾಳ ಸೊಂಟ ತಾನಾಗೇ ಬಾಗತೊಡಗಿತ್ತು. ಅರ್ಧಕ್ಕೆ ತಡೆದಳು. ಬಾಯಿ ಬಿಗಿಹಿಡಿದು, ತಲೆಯೆತ್ತಿ, ಅವರ ಮುಂದೆಯೇ ನೆಟ್ಟಗೆ ಹೊರಗೆ ನಡೆದಳು. ಲಿಫ್ಟಿನವರೆಗೂ ಹೋದಳು. ಅಲ್ಲಿ ತಡೆಯಲಾಗದೆ ಒಮ್ಮೆ ತಿರುಗಿ ನೋಡಿ, ಸಣ್ಣ ದನಿಯಲ್ಲಿ ‘ಸುಮಿಮಾಸೆನ್’ ಅಂದಳು.