ಕಡ ತಂದ ಮೆಲುಕು

ಮೆಲುಕು ನಿಲ್ಲಿಸಿದ ಕುರಿಯನ್ನು ನಮ್ಮ ಕಡೆಯ ಜನ ಮೊದಲು ದಿಗ್ಗೇವಾಡಿಯ ಕುರಿಗಾಹಿ ಸತ್ತೆವ್ವನ ಹತ್ತಿರ ಒಯ್ಯುತ್ತಿದ್ದರು. ಅಲ್ಲಿ ಆಗದಿದ್ದರೆ ಮಾತ್ರ ನನ್ನ ಹತ್ತಿರ ಬರುತ್ತಿದ್ದರು. ನಾನು ರಾಯಬಾಗ ತಾಲೂಕಿನಲ್ಲಿ ಇಪ್ಪತ್ತಾರು ವರ್ಷ ಪಶು ಆಸ್ಪತ್ರೆಯ ಕಂಪೌಂಡರ್ ಆಗಿದ್ದವನು. ಸರಕಾರಿ ಔಷಧದ ಪೆಟ್ಟಿಗೆ ಇಟ್ಟುಕೊಂಡು ಕೂತವನಿಗೆ ಇದು ಸಹಿಸುವ ಮಾತಲ್ಲ. ಒಂದು ದಿನ ಸಿಟ್ಟಿನಲ್ಲೇ ಆಕೆ ಏನು ಮಾಡುತ್ತಾಳೆಂದು ನೋಡಲು ಹೋದೆ.

ಧೂಳಪ್ಪ ಎಂಬವನ ಕುರಿ ಗೋವಿನಜೋಳದ ರಾಶಿಗೆ ಬಾಯಿ ಹಾಕಿ ಹೊಟ್ಟೆ ಉಬ್ಬಿಸಿಕೊಂಡು ಬಿದ್ದಿತ್ತು. ಮೇಯ್ದು ಬಂದು ಮಲಗಿದ್ದ ಕುರಿಗಳ ನಡುವೆ ಸತ್ತೆವ್ವ ಹೋಗಿ ಒಂದರ ಪಕ್ಕ ಸುಮ್ಮನೆ ಕೂತಳು. ಅದರ ಕೊರಳಲ್ಲಿ ಉಂಡೆ ಮೇಲೆ ಬಂದದ್ದೇ ತಡ, ದವಡೆಯ ಸಂದಿಗೆ ಎರಡು ಬೆರಳು ಹಾಕಿ ಹಸಿರು ಮೆಲುಕನ್ನು ಹೊರಗೆ ತೆಗೆದಳು. ಅದನ್ನು ಉಗುರು ಬೆಚ್ಚನೆಯ ನೀರಿನಲ್ಲಿ ಕಲಸಿ ಬಿದ್ದ ಕುರಿಗೆ ಕುಡಿಸಿದಳು. ಸಂಜೆಗೆ ಆ ಕುರಿ ಮೆಲುಕು ಹಾಕತೊಡಗಿತು.

“ಹಾಲಿಗಿ ಹೆಪ್ಪ ಹಾಕಿದಂಗ್ರಿ ಸಾಹೇಬ್ರ. ಹೊಟ್ಯಾಗಿನ ಹೆಪ್ಪ ಕೆಟ್ರ ಮತ್ತೊಂದ್ರ ಕಡಿಂದ ಕಡ ತರಬೇಕು,” ಎಂದಳು.

ಆಕೆಗೆ ಎರಡು ಕಟ್ಟಳೆ ಇದ್ದವು. ಇಂಜೆಕ್ಷನ್ ಆದ ಕುರಿಯ ಮೆಲುಕು ಹದಿನೈದು ದಿನ ಮುಟ್ಟಬಾರದು. ಇನ್ನೊಂದು, ಮೆಲುಕು ಯಾರ ಕುರಿಯದು ಎಂದು ಕೇಳಬಾರದು. ಅವತ್ತು ಧೂಳಪ್ಪ ಕೇಳಿದ. ಅದು ಊರ ಆಚೆಯ ಕೇರಿಯವರ ಕುರಿ ಎಂದು ತಿಳಿದು ಮುಖ ಹುಳ್ಳಗೆ ಮಾಡಿದ. ಸತ್ತೆವ್ವ ಅವನಿಗೆ ಸರಿಯಾಗಿ ಝಾಡಿಸಿದಳು: “ಕುರಿಗಿ ಎಲ್ಲಿ ಕೇರಿ ಐತಿಲೇ ಧೂಳ್ಯಾ?”

ಆ ಮಾತು ಕೇಳಿ ನನಗೆ ಆಕೆಯ ಮೇಲೆ ಗೌರವ ಬಂತು. ಸ್ವಲ್ಪ ಬೇಗ ಬಂತು ಎಂದು ಮುಂದೆ ಗೊತ್ತಾಯಿತು.

ನಿವೃತ್ತಿಯಾದ ಮೇಲೆ ನಾನು ಚಿಕ್ಕೋಡಿಯಲ್ಲಿ ಮನೆ ಕಟ್ಟಿಸಿ ಅರ್ಧ ಭಾಗ ಬಾಡಿಗೆಗೆ ಕೊಟ್ಟೆ. ಬಂದವನು ಸತ್ತೆವ್ವನ ಒಬ್ಬನೇ ಮಗ ಮಾಳೇಶ, ಕರೆಂಟಿನ ಲೈನ್‌ಮನ್. ಹೆಂಡತಿ ಪೂನಮ ಕೋರ್ಟಿನಲ್ಲಿ ಟೈಪಿಸ್ಟ್, ಬೌದ್ಧರ ಹುಡುಗಿ; ಊರವರ ಲೆಕ್ಕದಲ್ಲಿ ಆಚೆಯ ಕೇರಿಯವಳು. ಇಬ್ಬರೂ ತಾವೇ ಮೆಚ್ಚಿ ಮದುವೆಯಾದವರು. ಸತ್ತೆವ್ವ ಮದುವೆಗೆ ಬರಲಿಲ್ಲ, ಜಗಳವನ್ನೂ ಮಾಡಲಿಲ್ಲ. ಸಂತೆಗೆ ಬಂದಾಗಲೆಲ್ಲ ಮಗನನ್ನು ನೋಡಲು ಬಂದು ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದಳು. ಪೂನಮ ತಂಬಿಗೆಯಲ್ಲಿ ನೀರು ತರುತ್ತಿದ್ದಳು.

“ಬ್ಯಾಡವ್ವ, ನೀರಡಿಕಿ ಇಲ್ಲ,” ಎನ್ನುತ್ತಿದ್ದಳು ಸತ್ತೆವ್ವ.

ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಆಕೆಗೆ ನೀರಡಿಕೆ ಇರುತ್ತಿರಲಿಲ್ಲ. ಮಗನ ಮನೆಯಿಂದ ಎದ್ದು ಹೋಗಿ ಬಸ್ ಸ್ಟ್ಯಾಂಡಿನ ನಳಕ್ಕೆ ಬೊಗಸೆ ಒಡ್ಡಿ ಗಟಗಟ ಕುಡಿಯುವುದನ್ನು ನಾನೇ ಕಂಡಿದ್ದೇನೆ. ಪೂನಮ ಆ ತಂಬಿಗೆಯ ನೀರನ್ನು ಮಲ್ಲಿಗೆ ಗಿಡಕ್ಕೆ ಹಾಕುತ್ತಿದ್ದಳು, ಮುಂದಿನ ಸಲ ಮತ್ತೆ ತರುತ್ತಿದ್ದಳು. ಹೀಗೆ ಆರು ವರ್ಷ ನಡೆಯಿತು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು.

ಕಳೆದ ಮಳೆಗಾಲದಲ್ಲಿ ಸತ್ತೆವ್ವನ ಹಿಮ್ಮಡಿಗೆ ಜಾಲಿಮುಳ್ಳು ಮುರಿದು ಕೀವಾಯಿತು. ಊರಲ್ಲೇ ಇಂಜೆಕ್ಷನ್ ಮಾಡಿಸಿದಳು, ಐದು ದಿನ ಗುಳಿಗೆ ನುಂಗಿದಳು. ಮಾಯಲಿಲ್ಲವೆಂದು ಮತ್ತೆ ಐದು ದಿನ, ಮತ್ತೆ ಬೇರೆ ಗುಳಿಗೆ. ಕಾಲು ಮಾಯಿತು, ಹೊಟ್ಟೆ ಕೆಟ್ಟಿತು. ಭೇದಿ ನಿಲ್ಲಲೆಂದು ಉಳಿದ ಅದೇ ಗುಳಿಗೆಗಳನ್ನು ಮತ್ತೆ ನುಂಗಿದಳು. ಕುರಿಗಳಿಗೆ ಹದಿನೈದು ದಿನದ ಕಟ್ಟಳೆ ಹಾಕಿದವಳಿಗೆ ತನ್ನ ಹೊಟ್ಟೆಯ ನೆನಪಾಗಲಿಲ್ಲ. ದಿನಕ್ಕೆ ಹದಿನೈದು ಸಲ ಹೊರಗೆ ಹೋಗುವಂತಾಯಿತು, ರಕ್ತ ಬೀಳತೊಡಗಿತು. ಕೊಲ್ಲಾಪುರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಸಲ ವಾಸಿಯಾಗಿ ಎರಡು ಸಲವೂ ತಿರುಗಿ ಬಂತು. ಮೂರನೆಯ ಸಲ ಸೇರಿಸುವಾಗ ಮಾಳೇಶ ನನ್ನನ್ನೂ ಕರೆದುಕೊಂಡು ಹೋದ.

ಅಲ್ಲಿಯ ಡಾಕ್ಟರ್ ಸಂಗ್ರಾಮ ನಿಪ್ಪಾಣಿ ಊರಿನ ಕಡೆಯವರು, ನಮ್ಮಂತೆಯೇ ಮಾತಾಡುತ್ತಿದ್ದರು.

“ಕರುಳಾಗ ಕೋಟಿಗಟ್ಲೆ ಸೂಕ್ಷ್ಮಜೀವಿ ಇರ್ತಾವ್ರಿ,” ಎಂದರು. “ಹುಟ್ಟಿದಾಗಿಂದ ತಾಯಿ, ಊಟ, ಮಣ್ಣು, ಮನಿಮಂದಿ, ಎಲ್ಲಾರ ಕಡಿಂದ ಬಂದ ಸೇರಿದಾವು. ಕರುಳಿನ ಗ್ವಾಡಿಯಾಗ ಕಾವಲಿನ ಕಣ ಅದಾವ. ಯಾರು ನಮ್ಮಾವ್ರು, ಯಾರ ಮ್ಯಾಲೆ ಬೀಳಬೇಕು ಅಂತ ಅವು ಕಲಿಯೂದು ಈ ಜೀವಿಗಳ ಕಡಿಂದ. ಗುಳಿಗಿ ನುಂಗಿ ನುಂಗಿ ಇವರ ಒಳಗಿನ ಒಳ್ಳೇವು ಸತ್ತಾವ. ಖಾಲಿ ಜಾಗಾದಾಗ ಒಂದು ಕೆಟ್ಟ ಜಾತಿ ಬೆಳದ ವಿಷ ಬಿಡಾಕತ್ತೈತಿ. ಕಾವಲಿನಾವು ಸಿಟ್ಟಿಗೆದ್ದು ಬಡಿದಾಡಾಕತ್ತಾವ, ಹುಣ್ಣು ಆಗೂದು ನಮ್ಮ ಗ್ವಾಡಿಗೇನ.”

ಉಪಾಯ ಒಂದು ಉಳಿದಿತ್ತು. ಆರೋಗ್ಯವಂತರ ಮಲವನ್ನು ಪರೀಕ್ಷಿಸಿ, ಸೋಸಿ, ನಳಿಕೆಯಿಂದ ರೋಗಿಯ ಕರುಳಿಗೆ ಬಿಡುವುದು. ಒಳ್ಳೆಯ ಜೀವಿಗಳು ಮತ್ತೆ ನೆಲೆಯಾದರೆ ಕೆಟ್ಟದ್ದಕ್ಕೆ ಜಾಗ ಇರುವುದಿಲ್ಲ, ಕಾವಲಿನ ಕಣಗಳೂ ತಣ್ಣಗಾಗುತ್ತವೆ. ಕೊಡುವವರು ಇತ್ತೀಚೆಗೆ ಜೀವಿಗಳನ್ನು ಕೊಲ್ಲುವ ಅಂಥ ಗುಳಿಗೆ ನುಂಗಿರಬಾರದು. ಸತ್ತೆವ್ವನ ಗಂಡ ಭೀಮಸಿಗೆ ಸಕ್ಕರೆ ಕಾಯಿಲೆ. ಮಾಳೇಶ ಹಲ್ಲುನೋವಿಗೆ ಹಿಂದಿನ ತಿಂಗಳಷ್ಟೇ ಗುಳಿಗೆ ತೆಗೆದುಕೊಂಡಿದ್ದ. ಎಲ್ಲ ಪರೀಕ್ಷೆಯಲ್ಲೂ ಪಾಸಾದವಳು ಪೂನಮ ಒಬ್ಬಳೇ.

ಬರೀ ಔಷಧ ಎಂದು ಹೇಳಿಬಿಡೋಣ ಎಂದು ಮಾಳೇಶ ಅಂಗಲಾಚಿದ. ಡಾಕ್ಟರ್ ಒಪ್ಪಲಿಲ್ಲ. ಮಂಚದ ಪಕ್ಕ ಕೂತು ಎಲ್ಲವನ್ನೂ ಬಿಡಿಸಿ ಹೇಳಿದರು. ಆಕೆ ಹೇಸಿಕೊಳ್ಳಬಹುದು ಎಂದುಕೊಂಡಿದ್ದೆವು.

“ಇದು ಮೆಲುಕ ಕಡ ತರೂದ ಅಲ್ಲೇನ್ರಿ?” ಎಂದಳು ಸತ್ತೆವ್ವ. ಹಾಗೆಂದರೇನೆಂದು ಡಾಕ್ಟರಿಗೆ ನಾನು ತಿಳಿಸಿದೆ. ಅವರು ಎರಡೆರಡು ಸಲ ಕೇಳಿ ತಿಳಿದುಕೊಂಡರು.

ಆಮೇಲೆ ಆಕೆ, ತಾನು ಜೀವಮಾನವೆಲ್ಲ ಯಾರಿಗೂ ಕೇಳಗೊಡದ ಪ್ರಶ್ನೆಯನ್ನು ತಾನೇ ಕೇಳಿದಳು. “ಯಾರ್ದು?”

ಮಾಳೇಶ ನೆಲ ನೋಡುತ್ತ ಹೆಸರು ಹೇಳಿದ. ಸತ್ತೆವ್ವ ಗೋಡೆಯ ಕಡೆ ಮಗ್ಗುಲಾದಳು. “ಬ್ಯಾಡ. ಊರಿಗಿ ಒಯ್ರಿ ನನ್ನ.”

ಮರುದಿನ ಜ್ವರ ಏರಿತು, ಹೊಟ್ಟೆ ಉಬ್ಬಿತು. ಇನ್ನು ಎರಡು ದಿನ ಹೀಗೇ ಬಿಟ್ಟರೆ ಕರುಳು ಒಡೆಯಬಹುದು, ಆಮೇಲೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು ಡಾಕ್ಟರ್. ನನಗೆ ತಡೆಯಲಾಗಲಿಲ್ಲ.

“ಕುರಿಗಿ ಎಲ್ಲಿ ಕೇರಿ ಐತಿ ಅಂದಾಕಿ ನೀನ ಅಲ್ಲೇನು?” ಎಂದೆ.

“ನಾ ಕುರಿ ಅಲ್ರಿ ಸಾಹೇಬ್ರ,” ಎಂದಳು.

ಬಾಗಿಲಲ್ಲಿದ್ದ ಪೂನಮಳಿಗೆ ಇದು ಕೇಳಿಸಿತು. ಒಳಗೆ ಬಂದು, ಮೇಜಿನ ಮೇಲಿನ ಗ್ಲಾಸಿಗೆ ನೀರು ಬಗ್ಗಿಸಿ ಮಂಚದ ಹತ್ತಿರ ನಿಂತಳು.

“ಅತ್ತಿ, ನಾ ಕೊಡ್ತೀನ್ರಿ. ಆದ್ರ ಮೊದ್ಲ ಈ ನೀರು ಕುಡೀರಿ. ನನ್ನ ಕೈಯಾಗಿನ ನೀರು ಒಲ್ಲದಾರಿಗೆ ಅದನ್ನ ಕೊಟ್ಟು ನಾ ಸಣ್ಣಾಕಿ ಆಗಾಂಗಿಲ್ಲ.”

“ಪೂನಮ, ಈಗ ಬ್ಯಾಡ,” ಎಂದ ಮಾಳೇಶ.

“ಈಗ ಬಿಟ್ರ ಯಾವಾಗ?” ಎಂದಳು ಪೂನಮ. ಆಕೆಯ ದನಿ ಏರಲಿಲ್ಲ.

ಸತ್ತೆವ್ವ ತುಂಬ ಹೊತ್ತು ಆ ಗ್ಲಾಸನ್ನೇ ನೋಡಿದಳು. ತುಟಿ ಒಣಗಿ ಬಿರಿದಿದ್ದವು. ಕೊನೆಗೆ ಬಾಯಿ ತೆರೆದಳು. ಪೂನಮ ಕುತ್ತಿಗೆಗೆ ಕೈ ಆಸರೆ ಕೊಟ್ಟು ಕುಡಿಸಿದಳು. ನಂತರ ಡಾಕ್ಟರ್ ಕಾಗದ ತಂದರು, ಸತ್ತೆವ್ವ ಹೆಬ್ಬೆಟ್ಟು ಒತ್ತಿದಳು.

ಮರುದಿನ ಬೆಳಿಗ್ಗೆ ಕೆಲಸ ಮುಗಿಯಿತು. ನಾಲ್ಕನೆಯ ದಿನಕ್ಕೆ ಜ್ವರ ಇಳಿಯಿತು, ಭೇದಿ ಒಂದೆರಡಕ್ಕೆ ಬಂತು. ಮೂರು ವಾರಕ್ಕೆ ಸತ್ತೆವ್ವ ದಿಗ್ಗೇವಾಡಿಯಲ್ಲಿ ಕೋಲು ಹಿಡಿದು ಕುರಿಯ ಹಿಂದೆ ನಿಂತಿದ್ದಳು.

ನಾನು ಪೂನಮಳಿಗೆ, ಅಂತೂ ಗೆದ್ದೆಯಲ್ಲವ್ವ ಎಂದೆ.

“ಸಾಯೂ ಹೆದರಿಕಿಗಿ ಕುಡದ ನೀರು ಸರ್ ಅದು. ಅದನ್ನ ನಾ ಲೆಕ್ಕಕ್ಕ ಹಿಡ್ಯಾಂಗಿಲ್ಲ,” ಎಂದಳು. ಆಕೆ ಹೇಳಿದ್ದು ನಿಜವಿತ್ತು. ನನಗೆ ನಾಚಿಕೆಯಾಯಿತು.

ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಸತ್ತೆವ್ವ ಬಂದು, ರೂಢಿಯಂತೆ ಹೊರಗಿನ ಕಟ್ಟೆಯ ಮೇಲೆ ಕೂತಳು. ನಾನು ನನ್ನ ಬಾಗಿಲಲ್ಲಿ ಪೇಪರ್ ಹಿಡಿದು ಕೂತಿದ್ದೆ. ಒಳಗೆ ಪೂನಮ ರೊಟ್ಟಿ ಬಡಿಯುತ್ತಿದ್ದಳು. ಬಂದದ್ದನ್ನು ನೋಡಿ, “ಬರ್ರಿ ಅತ್ತಿ,” ಎಂದಳು. ನೀರು ಮಾತ್ರ ತರಲಿಲ್ಲ. ಆರು ವರ್ಷದಲ್ಲಿ ಅದೇ ಮೊದಲು. ಸತ್ತೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು, ಮಲ್ಲಿಗೆ ಗಿಡ ನೋಡಿದಳು, ರಸ್ತೆ ನೋಡಿದಳು. ಬಸ್ ಸ್ಟ್ಯಾಂಡಿನ ನಳ ಐದು ನಿಮಿಷದ ದಾರಿ. ಎದ್ದು ಹೋಗುತ್ತಾಳೆ ಎಂದುಕೊಂಡೆ.

“ಪೂನಮ,” ಎಂದಳು. ಸೊಸೆಯ ಹೆಸರು ಆಕೆಯ ಬಾಯಲ್ಲಿ ನಾನು ಕೇಳಿದ್ದು ಅವತ್ತೇ ಮೊದಲು. “ನೀರಡಿಕಿ ಆಗೇತಿ.”

ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

“ಕೈಯೆಲ್ಲಾ ಹಿಟ್ಟ ಆಗ್ಯಾವ್ರಿ ಅತ್ತಿ. ಒಳಗ ಬಂದ ನೀವ ತಗೋರಿ.”

ಸತ್ತೆವ್ವ ಚಪ್ಪಲಿ ಬಿಟ್ಟು ಒಳಗೆ ಹೋದಳು. ಕೊಡದ ಮುಚ್ಚಳ ತೆಗೆದು ಎರಡು ಗ್ಲಾಸು ನೀರು ಕುಡಿದಳು. ಗ್ಲಾಸನ್ನು ತೊಳೆದು ಉಳಿದ ಗ್ಲಾಸುಗಳ ಸಾಲಿನಲ್ಲಿ ಬೋರಲು ಇಟ್ಟಳು.