ಸ್ಟಾರ್ಟರ್ ಮೇಲಿನ ದಸ್ತಿ

ಕಮಲಾಪುರದ ಅಮರನಾಥ ಅಪಾಯವೆಂಬ ರಾಕ್ಷಸನ ಮೇಲೆ ಯುದ್ಧ ಸಾರಿ ಬಹಳ ವರ್ಷಗಳಾಗಿದ್ದವು. ಆ ರಾಕ್ಷಸನಿಗೆ ವಿಷಯ ತಿಳಿದಿತ್ತೋ ಇಲ್ಲವೋ, ಊರಿಗಂತೂ ತಿಳಿದಿತ್ತು. ಮನೆಯಲ್ಲಿ ಬಲ್ಬು ಬದಲಿಸುವಾಗಲೂ ನಮ್ಮ ವೀರ ಹೆಲ್ಮೆಟ್ ಹಾಕುತ್ತಿದ್ದ. ಮದುವೆಯ ಊಟಕ್ಕೆ ಹೋದರೆ ಮಂಟಪಕ್ಕೆ ಬೆಂಕಿ ಬಿದ್ದರೆ ಓಡಬೇಕಾದ ಬಾಗಿಲು ಯಾವುದೆಂದು ಮೊದಲು ನೋಡಿಕೊಂಡು ಆಮೇಲೆ ಎಲೆಯ ಮುಂದೆ ಕೂಡುತ್ತಿದ್ದ. ಒಮ್ಮೆ ಆ ಬಾಗಿಲನ್ನು ಬೀಗರಿಗೂ ತೋರಿಸಿಕೊಟ್ಟು ಮಂಗಳಕಾರ್ಯದಲ್ಲಿ ಅಪಶಕುನ ನುಡಿದನೆಂದು ಬೈಸಿಕೊಂಡಿದ್ದ. ಹೆಂಡತಿ ಶೀಲಾ ಕುಕ್ಕರ್ ಇಟ್ಟಳೆಂದರೆ ಇವನು ಅಡುಗೆಮನೆಯ ಗೋಡೆಯ ಆಚೆ ನಿಂತು ಸೀಟಿ ಎಣಿಸುವನು.

“ಒಳಗ ನಾ ಇದ್ದೀನಿ, ನೆನಪದ ಏನು?” ಎಂದು ಅವಳು ಒಳಗಿನಿಂದ ಕೂಗುತ್ತಿದ್ದಳು.

“ಅದಕ್ಕಽ ಹೇಳಾಕತ್ತೀನಿ, ನೀನೂ ಈ ಕಡೆ ಬಾ ಅಂತ!”

“ಹಂಗಾರ ಒಗ್ಗರಣಿ ಯಾರು ಹಾಕ್ತಾರ, ಕುಕ್ಕರೇನು?”

ನಗುವವರು ನಗಲಿ. ಈ ಯುದ್ಧಕ್ಕೊಂದು ಕಾರಣವಿತ್ತು. ಅಮರನಾಥನ ಕಾಕಾ ಮಾಪಣ್ಣ ಒಂದು ಎಣ್ಣೆ ಮಿಲ್ಲಿನಲ್ಲಿ ಯಂತ್ರದ ಬಾಯಿ ಸ್ವಚ್ಛ ಮಾಡುತ್ತಿದ್ದಾಗ ಯಾರೋ ನೋಡದೆ ಸ್ವಿಚ್ ಒತ್ತಿದ್ದರು. ಕಾಕಾನ ಬಲಗೈಯ ಬೆರಳುಗಳು ಶೇಂಗಾದ ಜೊತೆ ಹೋದವು. ಬೆರಳು ಹೋದದ್ದಕ್ಕೆ ಮಾಪಣ್ಣ ಅಷ್ಟು ಕೊರಗಲಿಲ್ಲ. ಸಾಯುವ ತನಕ ಅವನು ಕೇಳಿದ್ದು ಒಂದೇ ಮಾತು: “ಒತ್ತಿದವರು ಯಾರು?” ಯಾರೂ ಹೇಳಲಿಲ್ಲ. ಕಟ್ಟೆಯ ಮೇಲೆ ಕೂತು, ಹೋಗುವ ಬರುವ ಹಳೆಯ ಜೊತೆಗಾರರ ಮುಖವನ್ನು ಒಂದೊಂದಾಗಿ ನೋಡುತ್ತಿದ್ದ ಕಾಕಾನ ಪಕ್ಕದಲ್ಲೇ ಅಮರನಾಥ ಬೆಳೆದ. ಡಿಪ್ಲೊಮಾ ಮಾಡಿದ. ಕಲಬುರಗಿಯ ಕಪನೂರಿನ ತೊಗರಿಬೇಳೆ ಮಿಲ್ಲೊಂದರಲ್ಲಿ ಯಂತ್ರಗಳ ಉಸ್ತುವಾರಿಯಾದ.

ಬಂದವನೇ ಸುರಕ್ಷತೆಯ ಪಾಠ ಶುರುಮಾಡಿದ. ಬೇಳೆ ಸೋಸುವ ಜರಡಿಗಳನ್ನು ಒಂದರ ಮೇಲೊಂದು ಹಿಡಿದು, ಮೇಲಿನಿಂದ ಕಾಳು ಸುರಿದು ತೋರಿಸುತ್ತಿದ್ದ. “ನೋಡ್ರಿ, ಒಂದು ಸಾಣಿಗ್ಯಾಗ ತೂತು ಇದ್ರ ಎರಡನೇದು ತಡೀತದ. ಎಲ್ಲಾ ತೂತು ಒಂದಽ ಸಾಲಿಗೆ ಬಂದಾಗ ಕಾಳು ಸೀದಾ ತಳಕ್ಕ! ಅನಾಹುತ ಅಂದ್ರ ಹಿಂಗ ಆಗ್ತದ.” ಮಂದಿ ತಲೆದೂಗುತ್ತಿದ್ದರು. ಕೆಳಗೆ ಬಿದ್ದ ಕಾಳು ಗುಡಿಸುವ ಹೆಂಗಸರು ಮಾತ್ರ ತಲೆದೂಗುತ್ತಿರಲಿಲ್ಲ.

ಪಾಠದ ಜೊತೆಗೆ ಅಸ್ತ್ರವೂ ಬಂತು. ಅವು ಕೆಂಪು ಕಾರ್ಡುಗಳು. ಮೇಲೆ ಬಿಳಿ ಅಕ್ಷರದಲ್ಲಿ “ಒಳಗೆ ಮನುಷ್ಯನಿದ್ದಾನೆ. ಚಾಲೂ ಮಾಡಬೇಡಿ.” ಯಂತ್ರದೊಳಗೆ ಇಳಿಯುವವನು ಮೊದಲು ಅದನ್ನು ಚಾಲೂ ಮಾಡುವ ಸ್ಟಾರ್ಟರಿಗೆ ಒಂದು ಕಾರ್ಡು ನೇತುಹಾಕಬೇಕು. ವಾರದೊಳಗೆ ಕಾರ್ಡುಗಳಿಗೆಲ್ಲ ಗ್ರೀಸಿನ ಹೆಬ್ಬೆಟ್ಟು ಬಿದ್ದವು. ಅಮರನಾಥನ ಹೊಟ್ಟೆ ಉರಿಯಿತು. ಹೊಸ ಕಾರ್ಡು ಮಾಡಿಸಿ ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಪ್ಯಾಂಟಿನ ಪಟ್ಟಿಗೆ ಸಿಕ್ಕಿಸಿಕೊಂಡ. ಕಾರ್ಡು ಬೇಕಾದವರು ಅವನನ್ನು ಹುಡುಕಿಕೊಂಡು ಹೋಗಬೇಕು. ಸಿಕ್ಕಿದರೆ ಜರಡಿಯ ಪಾಠ ಇನ್ನೊಮ್ಮೆ ಕೇಳಬೇಕು. ಕೈ ತೊಳೆದುಕೊಂಡು ಬರಬೇಕು. ಹೀಗಾಗಿ ಕಾರ್ಡುಗಳು ಮದುಮಗಳಂತೆ ಒಳಗೇ ಉಳಿದವು. ಮಿಲ್ಲಿನ ಮಂದಿ ತಮಗೆ ಗೊತ್ತಿದ್ದ ಇನ್ನೊಂದು ಉಪಾಯ ಹಿಡಿದರು. ಅದೇ ದಸ್ತಿ, ಅಂದರೆ ಕರವಸ್ತ್ರ.

ದಸ್ತಿಯ ಮಹಿಮೆ ತಿಳಿಯಬೇಕಾದರೆ ಕಮಲಾಪುರದಿಂದ ಬೆಳಗಿನ ಬಸ್ಸು ಹತ್ತಬೇಕು. ಹೆಂಗಸರಿಗೆ ಟಿಕೆಟಿಲ್ಲದ ಕಾಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ದಸ್ತಿ ಹಾರಿ ಸೀಟಿನ ಮೇಲೆ ಕೂಡುತ್ತದೆ. ಒಮ್ಮೆ ಕೂತಿತೆಂದರೆ ಮುಗಿಯಿತು. ಪೈಲವಾನ ಬಂದರೂ ಅದನ್ನು ಎತ್ತಲಾರ. ಒಂದು ಗೇಣು ಬಟ್ಟೆಗೆ ಮನುಷ್ಯನಿಗಿರುವಷ್ಟೇ ಗೌರವ. ಅಮರನಾಥ ದಿನಾ ಅದೇ ಬಸ್ಸಿನಲ್ಲಿ ಕಪನೂರಿಗೆ ಬರುತ್ತಿದ್ದ, ದಿನಾ ದಸ್ತಿಗಳಿಗೆ ತಲೆಬಾಗಿ ನಿಂತುಕೊಳ್ಳುತ್ತಿದ್ದ. ಆ ಬಸ್ಸಿನಲ್ಲೇ ಮಿಲ್ಲಿನ ಫಿಟ್ಟರ್ ಖಂಡೆಪ್ಪ ಮತ್ತು ಅವನ ಹೆಂಡತಿ ಬಂಡಮ್ಮ ಬರುತ್ತಿದ್ದರು. ಬಂಡಮ್ಮ ಕಾಳು ಆರಿಸುವ ಹೆಂಗಸರ ಮುಂದಾಳು. ನಾಲಿಗೆಯೂ ಕಲ್ಲು ಆರಿಸುವ ಬೆರಳಿನಂತೆಯೇ ಚುರುಕು.

ಆ ದಿನ ಮಿಲ್ಲಿಗೆ ಮುಂಬೈಯ ಖರೀದಿದಾರರ ಕಡೆಯಿಂದ ಒಬ್ಬ ತಪಾಸಣೆ ಸಾಹೇಬ ಬರುವವನಿದ್ದ. ಸುರಕ್ಷತೆ ನೋಡಿಯೇ ಬೇಳೆ ಕೊಳ್ಳುವುದಂತೆ. ಅಮರನಾಥ ಮುಂಜಾನೆಯಿಂದ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದ. ಇತ್ತ ಎಲಿವೇಟರ್ ಕೈಕೊಟ್ಟಿತು. ಎಲಿವೇಟರ್ ಎಂದರೆ ಮಂದಿ ಏರುವ ಲಿಫ್ಟಲ್ಲ. ಉದ್ದನೆಯ ಪಟ್ಟಿಗೆ ಸಾಲಾಗಿ ತಗಡಿನ ಬಕೆಟ್ ಕಟ್ಟಿ, ತಳದ ಕುಣಿಯಿಂದ ಮಾಳಿಗೆಗೆ ಕಾಳು ಎತ್ತುವ ಯಂತ್ರ. ಕುಣಿಯಲ್ಲಿ ತೊಗರಿ ಬಿಗಿದು ಕೂತಿತ್ತು. ಖಂಡೆಪ್ಪ ಸ್ಟಾರ್ಟರಿನ ಹಿಡಿಕೆಗೆ ತನ್ನ ದಸ್ತಿ ಸುತ್ತಿ, ಸ್ವಿಚ್ ಬೋರ್ಡು ನೋಡಿಕೊಳ್ಳುವ ನೋಮಾನನಿಗೆ “ಇಳೀತೀನಿ ನೋಡಪಾ” ಎಂದು ಹೇಳಿ, ಪ್ಯಾಂಟು ಬಿಚ್ಚಿಟ್ಟು, ಲುಂಗಿ ಸುತ್ತಿಕೊಂಡು ಕುಣಿಗೆ ಇಳಿದ.

ಅಷ್ಟರಲ್ಲಿ ಅಮರನಾಥ ಬೋರ್ಡಿನ ಕೋಣೆಗೆ ನುಗ್ಗಿದ. “ನೋಮಾನ್, ಸೂಪರ್ ಮಾರ್ಕೆಟಿನಿಂದ ಹೂವಿನ ಗುಚ್ಛ ಬಂದದ ಅಂತ, ಗೇಟಿಗಿ ಹೋಗಿ ಜಲ್ದಿ ತೊಗೊಂಬಾ.”

“ಸಾಹೇಬ್ರ, ಕೆಳಗ ಖಂ...”

“ಕೆಳಗ ಮ್ಯಾಲೆ ಆಮ್ಯಾಲೆ ನೋಡೂನು. ಮೊದಲ ಹೂವ!”

ನೋಮಾನ್ ಒಮ್ಮೆ ದಸ್ತಿ ನೋಡಿದ. ದಸ್ತಿ ಇದೆಯಲ್ಲ ಎಂದುಕೊಂಡು ಓಡಿದ.

ಅಮರನಾಥ ಸುತ್ತ ಕಣ್ಣಾಡಿಸಿದ. ಗೋಡೆ ಚೊಕ್ಕಟ, ನೆಲ ಚೊಕ್ಕಟ. ಸ್ಟಾರ್ಟರಿನ ಮೇಲೆ ಮಾತ್ರ ಕರಿ ಹಂಚಿನಂಥ ಒಂದು ಬಟ್ಟೆ. “ಛೀ! ಯಾವನಿವ, ಇಲ್ಲಿ ಬಟ್ಟಿ ಒಣಗಿಸ್ಯಾನ?” ಎರಡು ಬೆರಳಿನಿಂದ ಅದನ್ನು ಎತ್ತಿದ. ದಿನಾ ಬಸ್ಸಿನಲ್ಲಿ ದಸ್ತಿಗೆ ತಲೆಬಾಗುವ ಮನುಷ್ಯ, ಇಲ್ಲಿ ಅದನ್ನು ಬರೀ ಕೊಳೆ ಎಂದುಕೊಂಡ. ಸಾಹೇಬ ಬಂದಾಗ ಮಿಲ್ಲು ಗುಡುಗುತ್ತಿರಬೇಕು, ಸುಮ್ಮನೆ ನಿಂತಿರಬಾರದು. ವೀರನ ಹೆಬ್ಬೆರಳು ಹಸಿರು ಗುಂಡಿಯನ್ನು ಒತ್ತಿತು.

ಕುಣಿಯಿಂದ ಎದ್ದ ಕೂಗು ಮಿಲ್ಲಿನ ತಗಡು ಹಾರಿಸುವಂತಿತ್ತು.

ಅಮರನಾಥ ಕೆಂಪು ಗುಂಡಿಯ ಮೇಲೆ ಬಿದ್ದನೆಂದೇ ಹೇಳಬೇಕು. ಯಂತ್ರ ನಿಂತಿತು. ಅಷ್ಟರಲ್ಲಿ ಒಂದು ಬಕೆಟ್ಟು ಖಂಡೆಪ್ಪನ ಲುಂಗಿಯ ತುದಿ ಹಿಡಿದು, ಗಂಟು ಬಿಚ್ಚಿ, ಲುಂಗಿಯನ್ನೇ ಎತ್ತಿಕೊಂಡು ಹೋಗಿತ್ತು. ಗಂಟು ಸಡಿಲಿತ್ತು, ಅದೇ ಪುಣ್ಯ. ಬಿಗಿಯಿದ್ದರೆ ಲುಂಗಿಯ ಜೊತೆ ಮನುಷ್ಯನೂ ಹೋಗುತ್ತಿದ್ದ. ಖಂಡೆಪ್ಪ ಪಟ್ಟೆಪಟ್ಟೆ ಚಡ್ಡಿಯಲ್ಲಿ, ಮೈತುಂಬ ತೊಗರಿಯ ಧೂಳು ಬಳಿದುಕೊಂಡು, ಕುಣಿಯಿಂದ ಮೇಲೆದ್ದು ಬಂದ. ಕಾಳು ಆರಿಸುವ ಹೆಂಗಸರೆಲ್ಲ ಓಡಿಬಂದು, ನೋಡಿ, ಸೆರಗು ಬಾಯಿಗಿಟ್ಟು ನಗತೊಡಗಿದರು. ಎಲ್ಲರಿಗಿಂತ ಮೊದಲು ನಕ್ಕವಳು ಬಂಡಮ್ಮ. ಗಂಡನ ಹಿಮ್ಮಡಿಯಿಂದ ರಕ್ತ ಇಳಿಯುತ್ತಿದ್ದದ್ದನ್ನು ಕಂಡು ಎಲ್ಲರಿಗಿಂತ ಮೊದಲು ನಗು ನಿಲ್ಲಿಸಿದವಳೂ ಅವಳೇ.

ಮಂದಿ ಬೋರ್ಡಿನ ಕೋಣೆಗೆ ನುಗ್ಗಿದರು. ಅಲ್ಲಿ ಇಬ್ಬರಿದ್ದರು. ಕೂಗು ಕೇಳಿ ಆಗತಾನೆ ಓಡಿಬಂದು, ಗುಲಾಬಿ ಗುಚ್ಛ ಎದೆಗವಚಿಕೊಂಡು ನಿಂತ ನೋಮಾನ್, ಮತ್ತು ಅಮರನಾಥ. ಅಮರನಾಥನ ಕೈ ತಾನಾಗಿಯೇ ದಸ್ತಿಯನ್ನು ಜೇಬಿಗೆ ತುರುಕಿತು. ಬಾಯಿ ತಾನಾಗಿಯೇ ತೆರೆಯಿತು. ವರ್ಷಗಟ್ಟಲೆ ವಿಚಾರಣೆ ಮಾಡಿದ ಬಾಯಿ, ಅದಕ್ಕೆ ಬೇರೆ ಮಾತು ಬರುತ್ತಿರಲಿಲ್ಲ.

“ಒತ್ತಿದವರು ಯಾರು?”

ಎಲ್ಲರ ಕಣ್ಣೂ ನೋಮಾನನ ಕಡೆ ತಿರುಗಿತು. ಬೋರ್ಡು ಅವನದಲ್ಲವೇ?

“ಅಲ್ಲಾ ಕಸಂ ಸಾಬ್, ನಾ ಮುಟ್ಟಿಲ್ರಿ!” ನೋಮಾನ್ ಅಮರನಾಥನ ಮುಖ ನೋಡಿದ. ಅಮರನಾಥ ಹೂವು ನೋಡಿದ. ತನ್ನ ಬಾಯಿಂದ ಬಂದದ್ದು ಯಾರ ಮಾತೆಂಬುದು ಅವನಿಗೆ ಆಗ ಹೊಳೆಯಿತು. ಕಟ್ಟೆಯ ಮೇಲಿನ ಕಾಕಾ, ಹೋಗುವ ಬರುವ ಮುಖಗಳು. ಹೇಳಬೇಕಾದ ಗಳಿಗೆ ಅದೇ. ಅದು ಬಂತು, ನಿಂತಿತು, ಹೋಯಿತು.

ಮಿಲ್ಲಿನ ಸಾವಕಾರ ಸುನೀಲಕುಮಾರ ಬಂದು ತೀರ್ಪು ಕೊಟ್ಟ. “ನಾಳಿ ಅಮರನಾಥ ವಿಚಾರಣಿ ಮಾಡಿ ಹೇಳ್ಲಿ. ತಪ್ಪು ನೋಮಾನಂದಽ ಅಂದ್ರ ಮನಿಗಿ ಕಳಸೂದು.” ಇಷ್ಟಕ್ಕೆಲ್ಲ ಕಾರಣನಾದ ಮುಂಬೈಯ ಸಾಹೇಬ ಆ ದಿನ ಬರಲೇ ಇಲ್ಲ. ಹೊಟ್ಟೆ ಕೆಟ್ಟಿದೆಯೆಂದು ಫೋನು ಬಂತು.

ಸಂಜೆಯ ಬಸ್ಸಿನಲ್ಲಿ ಖಂಡೆಪ್ಪನ ಕಾಲಿನ ಪಟ್ಟಿ ಕಂಡು ಯಾರೋ ಸೀಟು ಬಿಟ್ಟುಕೊಟ್ಟರು. ಬಂಡಮ್ಮ ಪಕ್ಕದಲ್ಲಿ ಕೂತಳು. ಅಮರನಾಥ ಅವರ ಎದುರಿಗೇ ಸಿಕ್ಕಿಬಿದ್ದ. ಹಿಂದೆ ಸರಿಯಲು ಜಾಗವಿರಲಿಲ್ಲ.

“ಸಾಹೇಬ್ರ, ತಪ್ಪು ನಂದಽ ರೀ,” ಎಂದ ಖಂಡೆಪ್ಪ. “ದಸ್ತಿ ಬಿಗಿ ಕಟ್ಟಿದ್ದಿಲ್ಲ ಕಾಣ್ತದ. ಎಲ್ಲೋ ಬಿದ್ದು ಹೋಗ್ಯಾದ. ನೋಮಾನ್ ನೋಡಿಲ್ಲ, ಒತ್ಯಾನ. ಪಾಪ, ಬಾಲಬಚ್ಚೆ ಇದ್ದಾಂವ, ಅವನಿಗಿ ತಗೀಬ್ಯಾಡ್ರಿ. ನಿಮ್ಮ ಕಾರ್ಡ ಕೇಳ್ಬೇಕಿತ್ತು ನಾ. ಮಾಫ್ ಮಾಡ್ರಿ.” ಎರಡೂ ಕೈ ಮುಗಿದ.

ಅಮರನಾಥನಿಗೆ ಬೆವರು ಕಿತ್ತುಕೊಂಡು ಬಂತು. ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದ. ಬೆರಳಿಗೆ ಗ್ರೀಸು ತಾಗಿತು. ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದು, ಬೆವರನ್ನು ಅದರ ಪಾಡಿಗೆ ಹರಿಯಬಿಟ್ಟ. ಏನಾದರೂ ಹೇಳಬೇಕಿತ್ತು. ಹೇಳಿದ.

“ಇರ್ಲಿ ಬಿಡು ಖಂಡೆಪ್ಪ. ಮುಂದ ಜ್ವಾಕಿ.”

ಇದಕ್ಕಿಂತ ಕೆಳಗಿನ ಮೆಟ್ಟಿಲು ಯಾವ ಕುಣಿಗೂ ಇಲ್ಲ. ಅಮರನಾಥ ಅಲ್ಲಿಗೆ ಇಳಿದಿದ್ದ, ಸ್ಟಾರ್ಟರಿಗೆ ಏನನ್ನೂ ಕಟ್ಟದೆ.

ಮನೆಗೆ ಹೋದವನೇ ಊಟ ಬೇಡವೆಂದು ಮಲಗಿಬಿಟ್ಟ. ಬೆಳಿಗ್ಗೆ ಶೀಲಾ ಒಗೆದ ಪ್ಯಾಂಟಿನ ಜೊತೆ ಮಡಿಚಿದ ಒಂದು ಬಟ್ಟೆ ಕೈಗಿಟ್ಟಳು. “ಇದು ಯಾರ ದಸ್ತಿ ರೀ, ನಿಮ್ಮ ಜೇಬಿನ್ಯಾಗ ಇತ್ತು? ಸೋಡಾ ಹಾಕಿ ಕುದಿಸಿ ಕುದಿಸಿ ಸಾಕಾತು ನನಗ. ಒಳಗ ಹಸರು ಬಣ್ಣ ಇತ್ತು ನೋಡ್ರಿ!” ಇಸ್ತ್ರಿ ಕೂಡ ಮಾಡಿದ್ದಳು.

ಸಾವಕಾರನ ಕೋಣೆಯಲ್ಲಿ ನೋಮಾನ್ ಒಂದು ಮೂಲೆಗೆ ನಿಂತಿದ್ದ. ಖಂಡೆಪ್ಪ ಕಾಲು ಚಾಚಿ ಕೂತಿದ್ದ. ಅಮರನಾಥ ಮೊದಲು ನೋಮಾನನ ಮುಖ ನೋಡಿದ, ಈ ಸಲ ಹೂವು ಅಡ್ಡ ಇರಲಿಲ್ಲ. “ಒತ್ತಿದಾಂವ ನಾನು. ಖಂಡೆಪ್ಪನ ದಸ್ತಿ ನಾನಽ ತಗದೆ. ನೋಮಾನಗ ಹೂವಿಗಿ ಕಳಿಸಿದಾಂವನೂ ನಾನಽ,” ಎಂದು ದಸ್ತಿಯನ್ನು ಮೇಜಿನ ಮೇಲಿಟ್ಟ.

ಸಾವಕಾರನ ಕಣ್ಣು ತುಂಬಿತು.

“ನೋಡ್ರಿ, ಇದಕ್ಕ ಅಂತಾರ ದೊಡ್ಡ ಮನಸ! ಒಬ್ಬ ಬಡವಗ ಉಳಸ್ಲಿಕ್ಕ ತನ್ನ ಮ್ಯಾಲೆ ತೊಗೊಂಡಾನ!”

“ಅಲ್ರಿ ಸಾವಕಾರ್ರ, ಖರೇನಽ ನಾನು...”

“ಸುಮ್ಮಕಿರೋ ಮಾರಾಯ. ಬಲ್ಬ ಹಾಕ್ಲಿಕ್ಕ ಹೆಲ್ಮೆಟ್ ಹಾಕಾಂವ ನೀ, ನೋಡ್ದಽ ಸ್ವಿಚ್ ಒತ್ತಾಂವಽ? ಮತ್ತ ಇದು ಖಂಡೆಪ್ಪನ ದಸ್ತಿ ಅಂತಽ? ಇಷ್ಟು ಸ್ವಚ್ಛ?”

ಖಂಡೆಪ್ಪ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿದ. “ನಂದಲ್ರಿ. ನಂದು ಕರೀದು ಇತ್ತು.”

ನಮ್ಮ ವೀರ ಅಂದು ಅನುಭವಿಸಿದ ಸಂಕಟ ಶತ್ರುವಿಗೂ ಬೇಡ. ಸುಳ್ಳಿನಲ್ಲಿದ್ದಾಗ ಊರು ನಂಬಿತು. ನಿಜ ಹೇಳಿದರೆ ಹೊಗಳುತ್ತಿದೆ. ಬೇಡವೆಂದಷ್ಟೂ ಹೊಗಳಿಕೆ ಮೈಮೇಲೆ ಬೀಳುತ್ತಿತ್ತು. ಕಡೆಗೆ ಅವನೇ ಬಾಗಿಲಿಗೆ ಹೋಗಿ ಬಂಡಮ್ಮನನ್ನು ಕರೆದ.

ಬಂಡಮ್ಮ ಕೈಯ ಧೂಳು ಕೊಡವುತ್ತ ಬಂದಳು. ದಸ್ತಿ ಎತ್ತಿ ಅಂಚು ಸವರಿದಳು. “ಇದು ನನ್ನ ಹಸರು ಸೀರಿ ಸೆರಗು. ಹರದಾಗ ನಾನಽ ಕತ್ತರಿಸಿ ಅಂಚು ಹೊಲದು ಕೊಟ್ಟೀನಿ ಇವಗ. ಇದು ನಿಮ್ಮ ಕಡಿ ಹ್ಯಾಂಗ ಬಂತು?”

“ನಿನ್ನಿಯಿಂದ ನನ್ನ ಜೇಬಿನ್ಯಾಗಽ ಇತ್ತು, ಬಂಡಮ್ಮ.”

“ಬಸ್ಸಿನ್ಯಾಗೂ?”

“ಹೂಂ.”

ಅವಳು ಬೈಯಲಿಲ್ಲ. ಬೈದಿದ್ದರೆ ಅಮರನಾಥ ಬದುಕಿಕೊಳ್ಳುತ್ತಿದ್ದ. “ಅಲ್ರಿ ಸಾಹೇಬ್ರ,” ಎಂದಳು ಮೆಲ್ಲಗೆ, “ಗುಂಡಿ ಯಾರಽರ ಒತ್ತತಾರ. ಕಣ್ಣ ತಪ್ತದ. ಆದ್ರ ನಿಮ್ಮ ಮುಂದ ಇಂವ ಕೈ ಮುಗದಾ ಅಲ್ಲ? ನೀವು ಮಾಫ್ ಮಾಡಿದ್ರಿ.”

ಸಾವಕಾರನ ಮುಖದಿಂದ ಹೊಗಳಿಕೆ ಇಳಿಯಿತು. ಖಂಡೆಪ್ಪ ತನ್ನ ಎರಡು ಕೈಗಳನ್ನು, ಅವು ಬೇರೆ ಯಾರವೋ ಎಂಬಂತೆ, ನೋಡಿಕೊಂಡ. ನೋಮಾನ್ ತನ್ನ ಬೋರ್ಡಿಗೆ ಹೋದ.

ಅಂದೇ ಅಮರನಾಥ ಕಪಾಟಿನ ಬೀಗ ತೆಗೆದು ಕಾರ್ಡುಗಳನ್ನು ಸ್ಟಾರ್ಟರಿನ ಪಕ್ಕ ಮೊಳೆಗೆ ತೂಗುಹಾಕಿದ. ಈಗ ಅವು ಗ್ರೀಸು ತಿಂದು, ಅಕ್ಷರ ಕಾಣದಷ್ಟು ಕರ್ರಗಾಗಿವೆ. ಜರಡಿಯ ಪಾಠ ಈಗಲೂ ನಡೆಯುತ್ತದೆ. “ಈ ಸಾಣಿಗ್ಯಾಗಿನ ತೂತು ಯಾವುದ್ರೀ ಸಾಹೇಬ್ರ?” ಎಂದು ಹೆಂಗಸರಲ್ಲಿ ಯಾರಾದರೂ ಕೇಳುತ್ತಾರೆ. “ನಾನು” ಎನ್ನುತ್ತಾನೆ. ಪ್ರತಿ ಸಲವೂ ನಗುತ್ತಾರೆ. ಬಿದ್ದ ಕಾಳನ್ನು ಈಗ ಅವನೇ ಗುಡಿಸುತ್ತಾನೆ.

ಆ ವಿಚಾರಣೆ ಆದ ಮುಂದಿನ ಸೋಮವಾರ ಕಮಲಾಪುರದ ಬಸ್ಸು ಎಂದಿನಂತೆ ತುಂಬಿತ್ತು. ಖಂಡೆಪ್ಪ ಕಾಲು ವಾಸಿಯಾಗಲೆಂದು ಮನೆಯಲ್ಲಿದ್ದ. ಬಂಡಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಅವಳ ಪಕ್ಕದ ಸೀಟಿನ ಮೇಲೆ ಆ ಹಸಿರು ದಸ್ತಿ ಹಾಸಿತ್ತು. ಅಮರನಾಥ ಕಂಬಿ ಹಿಡಿದು ಅದರ ಎದುರಿಗೇ ನಿಂತ. ಬಸ್ಸು ಹೊರಟಿತು, ಯಾರೂ ಬಂದು ಕೂಡಲಿಲ್ಲ. ಬಂಡಮ್ಮ ದಸ್ತಿ ಎತ್ತಲಿಲ್ಲ.

ಅರ್ಧ ದಾರಿಯಲ್ಲಿ ಕಂಡಕ್ಟರ್ ನುಸುಳಿಕೊಂಡು ಬಂದ. “ಸಾಹೇಬ್ರ, ಸೀಟ್ ಖಾಲಿ ಅದ ಅಲ್ಲ, ಕೂಡ್ರಿ.”

“ಇಲ್ಲಪಾ. ಅಲ್ಲಿ ಮನುಷ್ಯ ಇದ್ದಾನ.”

ಕಂಡಕ್ಟರ್ ಸೀಟು ನೋಡಿದ, ಅಮರನಾಥನನ್ನು ನೋಡಿದ, ತಲೆ ಕೆರೆದುಕೊಂಡು ಮುಂದೆ ಹೋದ. ಬಂಡಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕಪನೂರು ಬಂದಾಗ ದಸ್ತಿ ಎತ್ತಿ, ಜಾಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದಳು. ಬಸ್ಸು ಪೂರಾ ನಿಂತ ಮೇಲೆಯೇ ಇಳಿಯುವ ಅಮರನಾಥ ಅವಳ ಹಿಂದೆ, ಒಂದಿಷ್ಟು ದೂರ ಬಿಟ್ಟು, ಮಿಲ್ಲಿನ ಕಡೆ ನಡೆದ.